ಬರಿದಾಗಿ ಕೊಡಬಾರದ ತಪೇಲಿ

ಹುಣಸೆಹಣ್ಣು ಹಾಕಿ ತಿಕ್ಕಿದ ಹಿತ್ತಾಳೆಗೆ ಒಂದು ವಾಸನೆ ಇರುತ್ತದೆ, ನೋಡಿ. ಒಮ್ಮೆ ಮೂಗಿಗೆ ಹತ್ತಿದರೆ ಬೇಗ ಬಿಡುವುದಿಲ್ಲ. ಕಳೆದ ತಿಂಗಳು ಒಂದು ಮುಂಜಾನೆ ಅಣ್ಣಿಗೇರಿಯ ನಮ್ಮ ಮನೆಯ ಹಿತ್ತಲಿನಿಂದ ಅದು ನನ್ನ ಕೋಣೆಗೆ ಬಂದಾಗ ನಾನು ಕಂಪ್ಯೂಟರಿನ ಮುಂದೆ ತಲೆಯ ಮೇಲೆ ಕೈ ಹೊತ್ತು ಕೂತಿದ್ದೆ. ಹಬ್ಬ ಹತ್ತಿರ ಬಂದಾಗಲೆಲ್ಲ ಅವ್ವ ಆ ತಪೇಲಿಯನ್ನು ತಿಕ್ಕಿ, ಒರೆಸಿ, ಮತ್ತೆ ಗೋಡೆಯ ಮಾಡದಲ್ಲಿ ಬೋರಲು ಹಾಕುತ್ತಾಳೆ. ಅದರಲ್ಲಿ ನಾವು ಎಂದೂ ಏನೂ ಬೇಯಿಸಿದ್ದಿಲ್ಲ. ಅದು ನಮ್ಮದಲ್ಲ.

ನನ್ನ ಕೆಲಸ ಏನೆಂದು ಊರಲ್ಲಿ ವಿವರಿಸುವುದನ್ನು ಬಿಟ್ಟು ಬಹಳ ದಿನವಾಯಿತು. ಕಂಪ್ಯೂಟರ್ ಎಂದ ಕೂಡಲೇ ಓಣಿಯವರು ಚಾರ್ಜ್ ಏರದ ಮೊಬೈಲು ತಂದು ಕೈಗಿಡುತ್ತಾರೆ. ನಾನು ಮನೆಯಲ್ಲೇ ಕೂತು ಮಾಡುವುದು ಆಪರೇಟಿಂಗ್ ಸಿಸ್ಟಮ್ಮಿನ ಒಳಗೆ ನೆಟ್‌ವರ್ಕ್ ನೋಡಿಕೊಳ್ಳುವ ಭಾಗದ ರಿಪೇರಿ. ಅಂದಿನ ತೊಂದರೆ ಹೇಳಲು ಸರಳ, ಹುಡುಕಲು ಕಷ್ಟ. ಹೊರಗಿನಿಂದ ಬರುವ ಮಾಹಿತಿ ಸಣ್ಣ ಸಣ್ಣ ತುಂಡುಗಳಾಗಿ, ಅಂದರೆ ಪ್ಯಾಕೆಟ್ಟುಗಳಾಗಿ ಬರುತ್ತದೆ. ಒಂದೊಂದಕ್ಕೂ ಯಂತ್ರ ಒಂದಿಷ್ಟು ಜಾಗ ಕೊಡುತ್ತದೆ. ಕೆಲಸ ಮುಗಿದ ಮೇಲೆ ಆ ಜಾಗ ತೆರವಾಗಬೇಕು. ನಮ್ಮ ಕೋಡು ಆಗಲೇ ತೆರವು ಮಾಡುತ್ತಿರಲಿಲ್ಲ. ಮುಂದಿನ ಪ್ಯಾಕೆಟ್ ಹೇಗೂ ಬರುತ್ತದಲ್ಲ, ಆಗ ಎರಡೂ ಕೆಲಸ ಒಟ್ಟಿಗೆ ಮಾಡಿದರಾಯಿತು ಎಂದು ಬದಿಗಿಡುತ್ತಿತ್ತು. ಬರೆದವರು ದಡ್ಡರಲ್ಲ, ಬಿಡುವಿಲ್ಲದ ಯಂತ್ರಗಳಲ್ಲಿ ಅದರಿಂದ ಅನುಕೂಲವೇ. ಆದರೆ ಎಲ್ಲೋ ಒಬ್ಬರ ಯಂತ್ರದಲ್ಲಿ ಮುಂದಿನ ಪ್ಯಾಕೆಟ್ ಬರಲೇ ಇಲ್ಲ. ಸಂಪರ್ಕ ಮುಗಿದು ಎಷ್ಟೋ ಹೊತ್ತಾದರೂ ಜಾಗ ಹಿಡಿದೇ ಇತ್ತು. ಇನ್ನೂ ಬಿಟ್ಟುಕೊಟ್ಟಿಲ್ಲ, ಕಾಯುತ್ತಿದ್ದೇನೆ ಎಂದು ಯಂತ್ರ ಪರದೆಯ ಮೇಲೆ ಬರೆಯುತ್ತಲೇ ಇತ್ತು. ಹಿತ್ತಲಿನ ವಾಸನೆಗೂ ಆ ಸಾಲಿಗೂ ನನ್ನ ತಲೆಯಲ್ಲಿ ಗಂಟು ಬಿತ್ತು, ನೀಲಾ ಚಿಗವ್ವ ನೆನಪಾದಳು.

ಚಿಗವ್ವ, ಅಂದರೆ ಚಿಕ್ಕಮ್ಮ, ಎಂದು ಕರೆದರೂ ಸಂಬಂಧಿಯಲ್ಲ, ಎದುರು ಮನೆಯವಳು. ಗಂಡ ಶಾಲೆಯ ಮಾಸ್ತರರು. ಅವಳೂ ಅವ್ವನೂ ಹಲ್ಲುಜ್ಜುತ್ತಲೇ ಮಾತಿಗೆ ಶುರುವಿಟ್ಟರೆ ಎರಡೂ ಮನೆಯ ಒಲೆಯ ಮೇಲಿನ ಹಾಲು ಉಕ್ಕಬೇಕು. ನಾನು ಕಾಲೇಜಿಗೆ ಹೋಗುವಾಗ ನಮ್ಮ ಅಜ್ಜಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಚಿಗವ್ವ ಬುಟ್ಟಿಯಲ್ಲಿ ರೊಟ್ಟಿ, ಈ ತಪೇಲಿಯಲ್ಲಿ ಬ್ಯಾಳಿ ತಂದಳು. ಉಣ್ಣಲೊಲ್ಲೆ ಎಂದ ಅವ್ವನಿಗೆ ತಾನೇ ತುತ್ತು ಮಾಡಿ ತಿನ್ನಿಸಿದಳು. ಹೋಗುವಾಗ ತಪೇಲಿ ನಮ್ಮಲ್ಲೇ ಉಳಿಯಿತು.

ತಂದ ಪಾತ್ರೆಯನ್ನು ಬರಿದಾಗಿ ತಿರುಗಿ ಕೊಡಬಾರದು ಎಂಬುದು ನಿಮಗೂ ಗೊತ್ತು. ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕೊಟ್ಟರೆ ನಡೆಯುತ್ತಿತ್ತು. ಆದರೆ ಅಂಥ ಹೊತ್ತಿನಲ್ಲಿ ಬಂದ ತಪೇಲಿಗೆ ಹಿಡಿ ಸಕ್ಕರೆಯೇ ಎಂದು ಅವ್ವನಿಗೆ ಅನಿಸಿತು. ಅದರ ತುಂಬ ಶೇಂಗಾ ಹೋಳಿಗೆ ಹಾಕಿಯೇ ಕೊಡುತ್ತೇನೆ ಎಂದಳು. ಸತ್ತವರ ಮನೆಯಲ್ಲಿ ವರ್ಷ ತುಂಬುವ ತನಕ ಹಬ್ಬವಿಲ್ಲ, ಹಬ್ಬವಿಲ್ಲದೆ ಹೋಳಿಗೆ ಇಲ್ಲ. ತಪೇಲಿ ಕಾಯಿತು. ಅದನ್ನು ಕೊಡದೆ ಬರಿಗೈಲೆ ಎದುರು ಮನೆಯ ಹೊಸ್ತಿಲು ತುಳಿಯಲು ಅವ್ವನಿಗೆ ಸಂಕೋಚ. ದುಃಖದಲ್ಲಿರುವವಳನ್ನು ಕಾಡುವುದು ಬೇಡವೆಂದು ಚಿಗವ್ವನಿಗೆ ಸಂಕೋಚ. ನಡುವೆ ಇದ್ದದ್ದು ಒಂದು ಬಂಡಿ ಹೋಗುವಷ್ಟು ಓಣಿ.

ವರ್ಷ ತುಂಬುವ ಮೊದಲೇ ಮಾಸ್ತರರಿಗೆ ಕಲಘಟಗಿಯ ಆಚೆ ದೇವಿಕೊಪ್ಪಕ್ಕೆ ವರ್ಗವಾಯಿತು. ಪಂಚಮಿಗೆ ಬರುತ್ತೇನೆ ಎಂದು ಅವ್ವ ಬೀಳ್ಕೊಟ್ಟಳು. ಪಂಚಮಿಗೆ ಮಳೆ ಹಿಡಿಯಿತು, ದೀಪಾವಳಿಗೆ ಅಪ್ಪನಿಗೆ ಜ್ವರ, ಯುಗಾದಿಗೆ ಬೀಗರು. ಮೊದಲು ಫೋನಿತ್ತು. ಪ್ರತಿ ಸಲವೂ ಬರುವ ಹಬ್ಬಕ್ಕೆ ಖಂಡಿತ ಎನ್ನಲು ಅವ್ವನಿಗೇ ನಾಚಿಕೆಯಾಯಿತೇನೋ, ಚಿಗವ್ವನ ಫೋನು ಬಂದರೆ ಹಿತ್ತಲಿಗೆ ಹೋಗತೊಡಗಿದಳು. ಆಮೇಲೆ ಫೋನೂ ನಿಂತಿತು. ಇಂಥ ಜೀವದ ಗೆಳೆತನ, ಜಗಳವೊಂದಾದರೂ ಆಗಿ ಮುರಿದಿದ್ದರೆ ಇಷ್ಟು ಹೊಟ್ಟೆ ಉರಿಯುತ್ತಿರಲಿಲ್ಲ.

ಅಂದು ನಾನು ಕೋಡು ತಿದ್ದಿದೆ: ಮುಂದಿನದಕ್ಕೆ ಕಾಯುವುದು ಬೇಡ, ಸಂಪರ್ಕ ಮುಗಿದ ಕೂಡಲೇ ತೆರವು. ತಿದ್ದಿದ್ದನ್ನು ಕಳಿಸಿ ಹಿತ್ತಲಿಗೆ ಹೋಗಿ, ಇವತ್ತೇ ದೇವಿಕೊಪ್ಪಕ್ಕೆ ಹೋಗೋಣ ಎಂದೆ. ಅವ್ವ ಬೂದಿ ಮೆತ್ತಿದ ಕೈಯಲ್ಲೇ ನನ್ನನ್ನು ನೋಡಿದಳು.

“ಬರೇ ತಪೇಲಿ ಹಿಡಕೊಂಡು ಹೆಂಗ ಹೋಗ್ಲಿ? ಹಬ್ಬ ಬರಲಿ ತಡಿ.”

ಆ ಮಾತಿಗೆ ನನಗೆ ಸಿಟ್ಟು ಬಂತು. ಹಬ್ಬ ಬರುತ್ತದೆ, ನೀನು ಮಾತ್ರ ಹೋಗುವುದಿಲ್ಲ ಎಂದು ಗದರಿದೆ. ಅವ್ವ ಕೈ ತೊಳೆದು ಸೀರೆ ಬದಲಿಸಿದಳು. ಹುಬ್ಬಳ್ಳಿಯಲ್ಲಿ ಬಸ್ಸು ಬದಲಿಸಿ, ಕಲಘಟಗಿಯಲ್ಲಿ ಮತ್ತೊಂದು ಹಿಡಿದೆವು. ದಾರಿಯುದ್ದಕ್ಕೂ ತಪೇಲಿಯ ಮೇಲೆ ಸೆರಗು ಹೊದಿಸಿಕೊಂಡೇ ಕೂತಿದ್ದಳು.

ಚಿಗವ್ವ ಅಂಗಳದಲ್ಲೇ ಇದ್ದಳು. ತಲೆ ಪೂರ್ತಿ ಬೆಳ್ಳಗಾಗಿತ್ತು. ಬಂದ ಮಂದಿಗೆ ಹಾಸುವಂತೆ ನಮಗೂ ಚಾಪೆ ಹಾಸಿದಳು, ನೀರು ಕೊಟ್ಟಳು, ಚಹಾ ಕೊಟ್ಟಳು. ಮಂಡಿನೋವಿನ ಮಾತಾಯಿತು, ಮಾಸ್ತರರ ಪಿಂಚಣಿಯ ಮಾತಾಯಿತು. ಕೊನೆಗೆ ಅವ್ವ ಸೆರಗು ಸರಿಸಿ ತಪೇಲಿಯನ್ನು ಮುಂದಿಟ್ಟು, ಬರಿದೇ ತಂದೇನಿ ಎಂದು ತಲೆ ತಗ್ಗಿಸಿದಳು. ಚಿಗವ್ವ ಅದನ್ನು ಮುಟ್ಟಲಿಲ್ಲ.

“ಅವತ್ತು ನಾ ಮರತು ಬಿಟ್ಟು ಹೋಗಿದ್ದಿಲ್ಲ. ಬೇಕಂತನ ಬಿಟ್ಟಿದ್ದೆ,” ಎಂದಳು. “ಮನಿ ಹಿಡದು ಕುಂತ ಬಿಡ್ತಿ, ಇದನ್ನ ಕೊಡಾಕರ ಎದ್ದು ಬರ್ತಿ ಅಂತ.”

ತಿರುಗಿ ಬರುವಾಗ ಅವ್ವನ ಮಡಿಲಲ್ಲಿ ಏನೂ ಇರಲಿಲ್ಲ. ಕಿಟಕಿಗೆ ಮುಖ ಹಚ್ಚಿ ಅತ್ತಳು.

ಈಗ ಯಂತ್ರದ ತೊಂದರೆ ವರದಿ ಮಾಡಿದವರು ಕೇಳಿದ್ದಾರೆ, ಮೊದಲೇ ಸಿಕ್ಕಿಕೊಂಡು ಕೂತಿರುವುದೂ ಇದರಿಂದ ಬಿಡುಗಡೆಯಾಗುತ್ತದೆಯೇ ಎಂದು. ಇಲ್ಲ, ಇನ್ನು ಮುಂದಿನದಕ್ಕೆ ಮಾತ್ರ, ಹಳೆಯದಕ್ಕೆ ಯಂತ್ರವನ್ನೇ ಆರಿಸಿ ಮತ್ತೆ ಹಚ್ಚಬೇಕು ಎಂದು ಬರೆದೆ. ಬರೆಯುತ್ತಿರುವಾಗಲೇ ಅವ್ವ ಬಂದು ಫೋನು ಮುಂದೆ ಹಿಡಿದು, ದೇವಿಕೊಪ್ಪಕ್ಕೆ ಹಚ್ಚಿ ಕೊಡು ಎಂದಳು. ಹಚ್ಚಿ ಕೊಟ್ಟೆ. ಊಟ ಆತೇನ ಎಂದು ಕೇಳಿದಳು. ಅತ್ತಲಿಂದ ಬಂದ ಉತ್ತರ ಚಿಕ್ಕದಿರಬೇಕು. ಆಮೇಲೆ ಆಡಲು ಮಾತು ಸಿಗದಿದ್ದರೂ ಅವ್ವ ಫೋನನ್ನು ಕಿವಿಯಿಂದ ತೆಗೆಯದೆ ಬಹಳ ಹೊತ್ತು ನಿಂತೇ ಇದ್ದಳು.