ಗಾಳಿಯ ಭಾರ ಅಳೆಯುವ ಫಕ್ರುನ್ನಿಸಾ

ಬೀದರಿನ ನೌಬಾದಿನ ಅಂಚಿನಲ್ಲಿರುವ ವೈಜಿನಾಥ ಅವರ ಶೆಡ್ ಕಾರ್ಖಾನೆಯ ಗೇಟು ಸೂರ್ಯ ಹುಟ್ಟುವ ಮೊದಲೇ ತೆರೆದಿದೆ. ಬಿಸಿಲೇರಿದ ಮೇಲೆ ಇಲ್ಲಿನ ಕಬ್ಬಿಣವನ್ನು ಬರಿಗೈಯಲ್ಲಿ ಮುಟ್ಟಲಾಗದು. ಹಾಗಾಗಿ ಮೇ ತಿಂಗಳಲ್ಲಿ ಕೆಲಸವೆಲ್ಲ ತಂಪು ಹೊತ್ತಿನಲ್ಲೇ. ಅಂಗಳದಲ್ಲಿ ಸಾಲಾಗಿ ಮಲಗಿಸಿದ ಪೈಪುಗಳ ನಡುವೆ ಒಬ್ಬ ಹೆಂಗಸು ಕುಕ್ಕರುಗಾಲಿನಲ್ಲಿ ಕುಳಿತಿದ್ದಾರೆ. ದುಪಟ್ಟಾದ ಅಂಚನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಒಂದೊಂದು ಪೈಪಿನ ತುದಿಯಲ್ಲೂ ದಪ್ಪ ಅಳೆಯುತ್ತಾರೆ. ಸರಿಯಿದ್ದರೆ ಚಾಕ್‌ಪೀಸಿನಿಂದ ಒಂದು ಉದ್ದ ಗೆರೆ. ತೆಳುವಾಗಿದ್ದರೆ ಅಡ್ಡ ಗೆರೆ. ಆ ಪೈಪು ಬಂದ ದಾರಿಯಲ್ಲೇ ಹಿಂದಕ್ಕೆ ಹೋಗುತ್ತದೆ.

"ನಮ್ಮ ಆಪಾ ಬ್ಯಾಳ್ಯಾಗಿನ ಕಲ್ಲು ಆರಿಸಿದಂಗ ಆರಿಸ್ತಾರ್ರಿ," ಎನ್ನುತ್ತಾನೆ ಶೆಡ್ ನಿಲ್ಲಿಸುವ ತಂಡದ ಮುಖ್ಯಸ್ಥ ಹುಸೇನ. ಇಲ್ಲಿ ಎಲ್ಲರಿಗೂ ಅವರು ಆಪಾ, ಅಕ್ಕ.

"ಬ್ಯಾಳ್ಯಾಗ ಕಲ್ಲು ಉಳದ್ರ ಒಂದ ಹಲ್ಲು ಹೋಗ್ತದ ಹುಸೇನ. ಇದ್ರಾಗ ಉಳದ್ರ?" ಅವರು ತಲೆ ಎತ್ತದೆ ಉತ್ತರಿಸುತ್ತಾರೆ.

ಫಕ್ರುನ್ನಿಸಾ ಭಾಲ್ಕಿಯವರು. ಬೀದರಿನಲ್ಲಿ ಸಿವಿಲ್ ಡಿಪ್ಲೊಮಾ ಓದಿ, ಮದುವೆಯಾಗಿ, ಇಬ್ಬರು ಮಕ್ಕಳನ್ನು ಬೆಳೆಸುತ್ತಲೇ ಈ ಕಾರ್ಖಾನೆಯಲ್ಲಿ ನಕಾಶೆ ಬರೆಯುವ ಕೆಲಸಕ್ಕೆ ಸೇರಿದರು. ಕಬ್ಬಿಣದ ಕಂಬ, ಮೇಲೆ ತಗಡಿನ ಪತ್ರಾ, ಅಷ್ಟೇ ಎಂದು ನಾವು ನೋಡಿ ಮುಂದೆ ಹೋಗುವ ಶೆಡ್ಡುಗಳಿಗೆ ಎಷ್ಟು ಭಾರ ತಡೆಯುವ ಶಕ್ತಿ ಬೇಕೆಂದು ಮೊದಲು ನಿರ್ಧರಿಸುವವರು ಅವರೇ. ತನ್ನದೇ ಭಾರ, ಮೇಲೆ ಹತ್ತುವ ಮನುಷ್ಯರ ಭಾರ, ಗಾಳಿಯ ಭಾರ, ನೆಲ ನಡುಗಿದರೆ ಬರುವ ಭಾರ. ಇದಕ್ಕೆಲ್ಲ ಸರ್ಕಾರ ಒಪ್ಪಿದ ಸಂಹಿತೆಗಳಿವೆ, ಅಂದರೆ ನಿಯಮದ ಪುಸ್ತಕಗಳು. ಹುಡುಕಿದರೆ ಹೊರದೇಶದ ಸಂಹಿತೆಗಳೂ ಸಿಗುತ್ತವೆ. ಯಾವ ಪುಸ್ತಕ ಹಿಡಿಯಬೇಕು, ಅದರಲ್ಲಿ ಯಾವ ಭಾರ ನಮ್ಮ ಊರಿಗೆ ಅನ್ವಯಿಸುತ್ತದೆ ಎಂದು ತೀರ್ಮಾನಿಸುವುದು ಇಡೀ ಕೆಲಸದ ತಳಪಾಯ.

"ಕೆಲವು ಮಂದಿ ಭಾರ ಒಂದ ಪುಸ್ತಕದ್ದ ತಗೋತಾರ, ರಿಯಾಯಿತಿ ಇನ್ನೊಂದ ಪುಸ್ತಕದ್ದ ತಗೋತಾರ," ಎಂದು ಅವರು ನಗುತ್ತಾರೆ. "ಹಂಗ ಮಾಡಬಾರದ್ರಿ. ಒಬ್ಬ ಡಾಕ್ಟರ್ ಹೇಳಿದ ಗುಳಿಗಿ, ಇನ್ನೊಬ್ಬ ಡಾಕ್ಟರ್ ಹೇಳಿದ ಪಥ್ಯ ಮಾಡಿದ್ರ ರೋಗಿ ಗತಿ ಏನು?"

ಒಮ್ಮೆ ಭಾಲ್ಕಿಯ ಬೇಳೆ ವ್ಯಾಪಾರಿ ಲಾಲ ಅಹ್ಮದ ತನ್ನ ಗೋದಾಮಿಗೆ ಯಾವುದೋ ಕಂಪ್ಯೂಟರಿನಿಂದ ತೆಗೆಸಿದ ಸಿದ್ಧ ನಕಾಶೆ ತಂದಿದ್ದ. ಅದರಲ್ಲಿ ಮಾಡಿನ ಮೇಲೆ ಬೀಳುವ ಹಿಮದ ಭಾರವನ್ನೂ ಸೇರಿಸಿದ್ದರು.

"ಆಪಾ, ನಮ್ಮ ಭಾಲ್ಕ್ಯಾಗ ಬರ್ಫ್ ಬೀಳ್ತದೇನು?"

"ಬಿದ್ರ ಬೀಳ್ಲಿ ಬಿಡು ಭಾಯ್, ಕುಡಿಲಾಕರ ನೀರು ಸಿಗ್ತಾವ."

ಆ ದಿನ ಕಾರ್ಖಾನೆಯಲ್ಲಿ ಎಲ್ಲರೂ ನಕ್ಕರು. ನಗುವಿನ ಹಿಂದಿನ ಮಾತು ಮಾತ್ರ ನಗುವಂಥದ್ದಲ್ಲ. ಮೇಲಿಂದ ಮೇಲೆ ಮಳೆ ಕೈಕೊಟ್ಟಿದೆ. ಮಾಂಜ್ರಾ ನದಿಯ ಪಾತ್ರದಲ್ಲಿ ಕಾಲುದಾರಿ ಬಿದ್ದಿದೆ. ಔರಾದ ತಾಲ್ಲೂಕಿನ ಹಳ್ಳಿಗಳಿಂದ ಟ್ರಕ್ಕುಗಟ್ಟಲೆ ಜನ ಕಬ್ಬು ಕಡಿಯಲು, ಇಟ್ಟಿಗೆ ಸುಡಲು ಹೊರಟು ಹೋಗುತ್ತಾರೆ. ಅಪ್ಪ ಅಮ್ಮನ ಜೊತೆ ಮಕ್ಕಳೂ ಟ್ರಕ್ಕು ಹತ್ತುತ್ತಾರೆ. ಕಡಿಯುವ ಗದ್ದೆಯಲ್ಲಿ ಶಾಲೆಯಿಲ್ಲ. ಪಾಟಿಯಲ್ಲಿ ಬರೆದದ್ದೆಲ್ಲ ಆ ತಿಂಗಳುಗಳಲ್ಲಿ ಅಳಿಸಿಹೋಗುತ್ತದೆ.

ಈ ಬರಗಾಲದಲ್ಲಿ, ಕಳೆದ ಕಬ್ಬಿನ ಹಂಗಾಮಿಗೆ ಮುಂಚೆ, ಅಂಥದ್ದೊಂದು ಗಡಿಹಳ್ಳಿಯ ಶಾಲೆಯವರು, ದಾನಿಯೊಬ್ಬರ ನೆರವಿನಿಂದ, ಹಿಂದೆ ಉಳಿಯುವ ಮಕ್ಕಳಿಗಾಗಿ ಒಂದು ಶೆಡ್ ಕೇಳಿದರು. ಊಟಕ್ಕೆ, ರಾತ್ರಿ ಮಲಗುವುದಕ್ಕೆ. ನೌಬಾದಿಗೆ ಬಂದ ಕಾಗದದಲ್ಲಿ "ಊಟದ ಚಪ್ಪರ, ನಾಲ್ಕೂ ಕಡೆ ಬಯಲು" ಎಂದಿತ್ತು. ಫಕ್ರುನ್ನಿಸಾ ಅದರಂತೆಯೇ ಲೆಕ್ಕ ಹಾಕಿದರು. ನಾಲ್ಕೂ ಕಡೆ ಬಯಲಾದರೆ ಗಾಳಿ ಒಂದು ಕಡೆಯಿಂದ ಬಂದು ಇನ್ನೊಂದು ಕಡೆಯಿಂದ ಹೋಗುತ್ತದೆ. ತಳಪಾಯಕ್ಕೆ ಅಷ್ಟೇನೂ ಕಾಂಕ್ರೀಟು ಬೇಡ.

ಕಂಬಗಳು ನಿಂತವು. ಪತ್ರಾ ಏರಿಸುವ ಹಿಂದಿನ ದಿನ, ಕಂಬಗಳು ನೆಟ್ಟಗಿವೆಯೇ ಎಂದು ನೋಡಲು ಅವರು ಮೊದಲ ಬಸ್ಸಿಗೆ ಔರಾದಕ್ಕೆ ಹೋಗಿ, ಅಲ್ಲಿಂದ ಆ ಹಳ್ಳಿ ತಲುಪಿದರು. ಶೆಡ್ಡಿನ ಪಕ್ಕದಲ್ಲಿ ಅಡುಗೆಗೆ ನೇಮಕವಾಗಿದ್ದ ಶಾಲುಬಾಯಿ ನಾಲ್ಕಾರು ಹೆಂಗಸರನ್ನು ಕೂರಿಸಿಕೊಂಡು ತೊಗರಿ ಕಟ್ಟಿಗೆಯ ತಟ್ಟಿ ಹೆಣೆಯುತ್ತಿದ್ದಳು. ಮನೆಮನೆಯಲ್ಲಿ ದನದ ಕೊಟ್ಟಿಗೆಗೆ ಕಟ್ಟುವಂಥ ತಟ್ಟಿ.

"ಇವೆಲ್ಲ ಎದಕ್ಕ ಬಾಯಿ?"

"ಶೆಡ್ಡಿಗ್ರಿ. ಮೂರು ಕಡಿ ಕಟ್ಟಿ ಸಗಣಿ ಮಣ್ಣು ಮೆತ್ತತೇವಿ. ಒಲಿ ಹೊಗಿ ಹೋಗ್ಲಾಕ ಒಂದ ಕಡಿ ಬಿಡ್ತೇವಿ."

ಫಕ್ರುನ್ನಿಸಾ ಅಲ್ಲೇ ಕಲ್ಲಿನ ಮೇಲೆ ಕುಳಿತರು. ಮೆತ್ತಿದ ತಟ್ಟಿ ಎಂದರೆ ಗೋಡೆಯೇ. ಮೂರು ಕಡೆ ಗೋಡೆ, ಒಂದು ಕಡೆ ಬಾಯಿ. ಗೋಣಿಚೀಲದ ಬಾಯನ್ನು ಗಾಳಿಗೆ ಹಿಡಿದರೆ ಅದು ಉಬ್ಬುವಂತೆ ಶೆಡ್ಡಿನ ಹೊಟ್ಟೆಯೂ ಉಬ್ಬುತ್ತದೆ. ಒಳಗಿನ ಗಾಳಿ ಪತ್ರಾವನ್ನು ಮೇಲಕ್ಕೆ ಒತ್ತುತ್ತದೆ, ಹೊರಗಿನ ಗಾಳಿ ಮೇಲಕ್ಕೆ ಸೆಳೆಯುತ್ತದೆ.

"ಮಂದಿ ಶೆಡ್ಡು ಕುಸಿದೀತು ಅಂತ ಅಂಜತಾರ. ಇಂಥಾ ಹಗುರ ಶೆಡ್ಡು ಕುಸಿಯಾದಕಿಂತ ಮೊದಲ ಹಾರತದ್ರಿ," ಎನ್ನುತ್ತಾರೆ ಅವರು. "ಅದಕ್ಕ ನೆಲದಾಗ ಹಿಡದು ಕುಂದ್ರಲಾಕ ಒಂದ ತೂಕ ಬೇಕು. ನಾ ಕೊಟ್ಟ ತೂಕ ಸಾಲ್ತಿರಲಿಲ್ಲ. ತಪ್ಪು ನಂದೇ. ಕಾಗದ ಓದಿದೆ, ಊರು ಓದಲಿಲ್ಲ. ನಮ್ಮ ಅಮ್ಮಿ ಭಾಲ್ಕ್ಯಾಗ ಎಮ್ಮಿಗಿ ತಟ್ಟಿ ಕಟ್ತಿದ್ದಳು, ನನಗ ಗೊತ್ತಿರಬೇಕಿತ್ತು."

ತಟ್ಟಿ ಕಟ್ಟಬೇಡಿ ಎಂದು ಹೇಳಿ ಸುಮ್ಮನಾಗಬಹುದಿತ್ತು. ಹೇಳಿಯೂ ನೋಡಿದರು. ಶಾಲುಬಾಯಿ ಕೈಯಲ್ಲಿದ್ದ ಕಟ್ಟಿಗೆ ಕೆಳಗಿಟ್ಟು ಕೇಳಿದಳು: "ದನಕ್ಕ ಕಟ್ತೇವಿ, ಮಕ್ಕಳಿಗಿ ಬ್ಯಾಡ ಅಂತೀರೇನು? ಬ್ಯಾಸಗಿ ಝಳಾ ನೀವು ಕುಡೀತೀರೇನ್ರಿ ಆಪಾ?"

ಫಕ್ರುನ್ನಿಸಾ ಕಲ್ಲಿನಿಂದ ಎದ್ದರು. ಅವರು ವೈಜಿನಾಥ ಅವರಿಗೆ ಫೋನು ಮಾಡಿ, ಪತ್ರಾ ಏರಿಸುವುದು ಬೇಡ, ಒಂದೊಂದು ಕಂಬದ ಬುಡವನ್ನೂ ಅಗೆದು ಕಾಂಕ್ರೀಟು ಹೆಚ್ಚಿಸಬೇಕು, ಬೋಲ್ಟು ಬದಲಿಸಬೇಕು ಎಂದರು.

"ಆಪಾ, ಕಾಗದದಾಗ ಬಯಲು ಅಂತ ಅದ. ನಾವು ಕಾಗದದಂಗ ಮಾಡೇವಿ. ಆಮ್ಯಾಲ ಅವರು ಕಟ್ಟಕೊಂಡ್ರ ನಮ್ಮ ಜಿಮ್ಮೇದಾರಿ ಏನದ?"

"ಕಟ್ಟಬ್ಯಾಡ್ರಿ ಅಂತ ಬೋರ್ಡ್ ಹಚ್ಚೋಣೇನು ಭಾಯ್? ಗಾಳಿ ಬೋರ್ಡ್ ಓದ್ತದೇನು?"

ಆ ಕಡೆಯಿಂದ ಎಷ್ಟು ಚೀಲ ಎಂಬ ಪ್ರಶ್ನೆ ಬಂತು. ಆಮೇಲೆ ವೈಜಿನಾಥ, "ಸಿಮೆಂಟ್ ಕಳಸ್ತೇನಿ," ಎಂದರು.

ಆದರೆ ನಿಜವಾದ ಕಷ್ಟ ಸಿಮೆಂಟಿನದಲ್ಲ. ಊರಿನ ಜನರನ್ನು ಕಬ್ಬಿಗೆ ಕರೆದೊಯ್ಯುವ ಟ್ರಕ್ಕು ಅದೇ ವಾರ ಬರುವುದಿತ್ತು. ಶೆಡ್ಡು ಸಿದ್ಧವಾದರೆ ಮಕ್ಕಳು ಉಳಿಯುತ್ತಾರೆ. ಆಗದಿದ್ದರೆ ಹೋಗುತ್ತಾರೆ. ಹೊಸ ಕಾಂಕ್ರೀಟು ಗಟ್ಟಿಯಾಗುವವರೆಗೆ ಕಾಯಲು ಟ್ರಕ್ಕಿನವನಿಗೆ ಪುರುಸೊತ್ತಿಲ್ಲ. ಪತ್ರಾ ಹೊತ್ತು ನಿಂತ ಕಂಬದ ಬುಡವನ್ನು ಆಮೇಲೆ ಅಗೆಯಲಾಗದು. ಪತ್ರಾ ಏರಿಸಿದರೆ ಮಕ್ಕಳಿಗೆ ನಾಳೆಯೇ ನೆರಳು. ಆದರೆ ಬೇಸಿಗೆಯ ಒಂದು ಸಂಜೆ ಗಾಳಿ ಎದ್ದರೆ ಆ ನೆರಳೇ ಮಕ್ಕಳ ಮೇಲೆ. ಏರಿಸದಿದ್ದರೆ ಮಕ್ಕಳು ಶಾಲೆ ಬಿಟ್ಟು ಗದ್ದೆಗೆ. ಎರಡರಲ್ಲಿ ಒಂದನ್ನು ಆರಿಸಬೇಕಿತ್ತು. ಅವರು ತಡೆಯುವುದನ್ನು ಆರಿಸಿಕೊಂಡರು.

ಬುಡ ಅಗೆದು ಕಾಂಕ್ರೀಟು ಹಾಕಿದ್ದಾಯಿತು. ಇನ್ನು ಅದಕ್ಕೆ ನೀರು ಕುಡಿಸಬೇಕು. ಟ್ಯಾಂಕರು ಬಂದರೆ ಊರೇ ಕೊಡ ಹಿಡಿದು ಓಡುವ ಕಾಲ. ಶಾಲುಬಾಯಿ ಮನೆಮನೆಗೆ ಹೋಗಿ ಬಂದಳು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು, ಕೂಸಿನ ಮೈ ತೊಳೆದ ನೀರು ಹೊತ್ತು ಹೆಂಗಸರು ಬಂದರು.

"ಸಬಕಾರ ಹಚ್ಚಿದ ನೀರು ಬ್ಯಾಡವ್ವ," ಎಂದು ಫಕ್ರುನ್ನಿಸಾ ಕೂಸಿನ ತಾಯಿಯನ್ನು ತಡೆದರು; ಸೋಪು ಕಾಂಕ್ರೀಟಿಗೆ ಆಗದು.

"ಸಬಕಾರ ಎಲ್ಲದರಿ ಆಪಾ? ನೀರೇ ಕಾಣವೊಲ್ಲವು, ಸಬಕಾರ ಯಾರಿಗಿ ಹಚ್ಚೋಣು?" ಎಂದಳು ಅವಳು. ಬುಡಗಳಿಗೆ ಗೋಣಿ ಸುತ್ತಿ, ಆ ಗೋಣಿ ಒಣಗದಂತೆ ಸರದಿಯ ಮೇಲೆ ಕಾದರು.

ಕಾಂಕ್ರೀಟು ಹಸಿಯಿದ್ದಾಗಲೇ ಟ್ರಕ್ಕು ಬಂತು. ಶೆಡ್ಡು ಸಿದ್ಧವಾಗುವ ತನಕ ಕೆಲವು ಮಕ್ಕಳನ್ನು ಶಾಲುಬಾಯಿ ತನ್ನ ಎರಡು ಖೋಲಿಯ ಮನೆಯಲ್ಲೇ ಇಟ್ಟುಕೊಂಡಳು. ಕಾಲು ಚಾಚಲು ಜಾಗವಿಲ್ಲದಷ್ಟು ತುಂಬಿದ ಮೇಲೂ ಒಂದಿಷ್ಟು ಮಕ್ಕಳು ಹೊರಗುಳಿದರು. ಅವರಲ್ಲಿ ಐದನೇ ತರಗತಿಯ ಜಿಜಾ ಒಬ್ಬಳು. ಅವಳ ತಾಯಿ ಕೇಶರಬಾಯಿ, ತಂದೆ ಪಂಢರಿ. ಕೇಶರಬಾಯಿ ಪತ್ರಾ ಇಲ್ಲದೆ ನಿಂತಿದ್ದ ಕಂಬಗಳನ್ನು ನೋಡಿ, ಮಗಳ ಕೈ ಹಿಡಿದು ಟ್ರಕ್ಕು ಹತ್ತಿದಳು. ಹುಡುಗಿ ಪುಸ್ತಕದ ಚೀಲವನ್ನೂ ತೆಗೆದುಕೊಂಡಿದ್ದಳಂತೆ. ಅದನ್ನು ಹೇಳುವಾಗ ಫಕ್ರುನ್ನಿಸಾ ಕನ್ನಡಕ ತೆಗೆದು, ದುಪಟ್ಟಾದಿಂದ ಬಹಳ ಹೊತ್ತು ಒರೆಸುತ್ತಾರೆ.

"ಹದಿನೇಳು ವರ್ಷದಾಕಿ ಇದ್ದೆ, ಗಡಿ ಆಚಿ ಕಿಲ್ಲಾರಿ ಭೂಕಂಪ ಆದಾಗ. ಭಾಲ್ಕ್ಯಾಗ ನಮ್ಮ ಮನಿ ಗ್ವಾಡಿ ಬಿರಕ ಬಿಟ್ಟಿತ್ತು. ಆ ಕಡಿ ಮಂದಿ ಮಲಗಿದವರು ಮಲಗಿದಲ್ಲೇ ಹೋದ್ರು. ಮಲಗೋ ಜಾಗ ಅಂದ್ರ ನನಗ ಅವತ್ತಿಂದ ಫಿಕರ್ ಭಾಳ್ರಿ. ಎಚ್ಚರಿದ್ದ ಮನುಷ್ಯ ಓಡ್ತಾನ. ಮಲಗಿದ ಮಕ್ಕಳು ಹ್ಯಾಂಗ ಓಡಬೇಕು?"

ಈಗ ಶೆಡ್ಡು ನಿಂತಿದೆ. ಮೂರು ಕಡೆ ತಟ್ಟಿ, ಅದರ ಮೇಲೆ ಸಗಣಿ ಮಣ್ಣಿನ ಲೇಪ. ಮಳೆಗಾಲದ ಮುಂಚಿನ ಗಾಳಿ ಏಳುವ ಮೊದಲು ಬೋಲ್ಟುಗಳನ್ನು ನೋಡಿ ಬರಲು ಫಕ್ರುನ್ನಿಸಾ ಮತ್ತೆ ಔರಾದದ ಬಸ್ಸು ಹತ್ತಿದ್ದಾರೆ. ಬರಗಾಲವೆಂದು ರಜೆಯಲ್ಲೂ ನಡೆಯುತ್ತಿರುವ ಮಧ್ಯಾಹ್ನದ ಊಟ ಮುಗಿಸಿದ ಮಕ್ಕಳು ಸಾಲಾಗಿ ಮಲಗಿದ್ದಾರೆ. ಅವರನ್ನು ದಾಟುವಾಗ ಚಪ್ಪಲಿ ಕೈಯಲ್ಲಿ ಹಿಡಿದು, ಒಂದೊಂದು ಕಂಬದ ಬುಡದಲ್ಲೂ ಕೂತು ಬೋಲ್ಟಿಗೆ ಪಾನಾ ಹಾಕಿ ತಿರುಗಿಸುತ್ತಾರೆ. ದೊಡ್ಡ ಗಾಳಿ ಈ ವರ್ಷ ಇನ್ನೂ ಬಂದಿಲ್ಲ.

"ಬರದಿದ್ರ ಚಲೋ ಆತು," ಎನ್ನುತ್ತಾರೆ ಮೆಲ್ಲಗೆ. "ನನ್ನ ಲೆಕ್ಕ ಖರೇನೋ ಸುಳ್ಳೋ ಅಂತ ಯಾರಿಗೂ ಗೊತ್ತಾಗೋದೇ ಬ್ಯಾಡ."

ಕಬ್ಬಿನಿಂದ ಜನ ಮರಳಿದ್ದಾರೆ. ಶೆಡ್ಡಿನ ತೆರೆದ ಬದಿಯಲ್ಲಿ ಒಬ್ಬ ಹೆಂಗಸು ಮಗಳನ್ನು ಮುಂದೆ ನಿಲ್ಲಿಸಿಕೊಂಡು ನಿಂತಿದ್ದಾಳೆ. ಶಾಲುಬಾಯಿ ಕರೆಯುತ್ತಾಳೆ: "ಒಳಗ ಬಾ ಕೇಶರಬಾಯಿ. ಆಪಾ ಬಂದಾರ."

"ಬಂದಾರಂತ ಗೊತ್ತಾಗೇ ಬಂದೇನಿ." ಕೇಶರಬಾಯಿಯ ದನಿ ಗಟ್ಟಿಯಾಗಿದೆ. "ನೀವು ಅವತ್ತು ತಡದ್ರಿ. ನನ್ನ ಮಗಳ ಸಾಲಿ ಹೋಯ್ತು. ಕಬ್ಬಿನ ಫಡದಾಗ ತಮ್ಮನ್ನ ಆಡಿಸ್ಕೋತ ಕುಂತಳು. ಈಗ ಭಾಗಾಕಾರ ಮಾಡು ಅಂದ್ರ ಮಾರಿ ನೋಡ್ತಾಳ."

ಫಕ್ರುನ್ನಿಸಾ ಎದ್ದು ನಿಲ್ಲುತ್ತಾರೆ. ಗಾಳಿ, ಭಾರ, ತಟ್ಟಿ ಎಂದು ಏನನ್ನೂ ವಿವರಿಸುವುದಿಲ್ಲ.

"ಹೌದು ಬಾಯಿ. ತಡದಾಕಿ ನಾನೇ. ಮೊದಲ ಊರಾಗ ಬರೋಬ್ಬರಿ ಕೇಳಿದ್ರ ತಡಿಯೋ ಪಾಳಿ ಬರ್ತಿರಲಿಲ್ಲ."

ಕೇಶರಬಾಯಿಗೆ ಬಹುಶಃ ಜಗಳದ ಉತ್ತರ ಬೇಕಿತ್ತು. ಅವಳು ಹತ್ತಿರದ ಕಂಬವನ್ನು ಎರಡೂ ಕೈಯಲ್ಲಿ ಹಿಡಿದು, ಕಬ್ಬು ಕಡಿದು ಗಟ್ಟಿಯಾದ ತೋಳಿನಿಂದ ಜಗ್ಗುತ್ತಾಳೆ. ಮತ್ತೊಮ್ಮೆ ಜಗ್ಗುತ್ತಾಳೆ. ಮಲಗಿದ ಮಕ್ಕಳಲ್ಲಿ ಒಬ್ಬರೂ ಏಳುವುದಿಲ್ಲ. ಬಳೆಯ ಸದ್ದಷ್ಟೇ.

"ಬರೋ ವರ್ಷ ಮಳಿ ಆಗಲಿಲ್ಲಂದ್ರ ಮತ್ತ ಹೋಗಬೇಕು ನಾವು," ಎನ್ನುತ್ತಾಳೆ, ಶಾಲುಬಾಯಿಯ ಕಡೆ ತಿರುಗಿ. "ನನ್ನ ಮಗಳಿಗಿ ಯಾವ ಜಾಗಾ ಕೊಡ್ತಿ?"

"ಎಲ್ಲಿ ಬೇಕಂತಿ ಅಲ್ಲಿ."

ಕೇಶರಬಾಯಿ ತಾನು ಜಗ್ಗಿ ನೋಡಿದ ಕಂಬದ ಪಕ್ಕವನ್ನೇ ತೋರಿಸುತ್ತಾಳೆ. ಜಿಜಾ ಅಲ್ಲಿ ಹೋಗಿ ಕೂರುತ್ತಾಳೆ, ಅಂಗೈಯಿಂದ ನೆಲ ಸವರುತ್ತಾಳೆ, ಆಮೇಲೆ ಪತ್ರಾದ ಕಡೆ ತಲೆಯೆತ್ತಿ ನೋಡುತ್ತಾಳೆ.

ನಿಮಗೇನು ಆಸೆ ಎಂದು ಕೇಳಿದಾಗ ಫಕ್ರುನ್ನಿಸಾ ಆ ಹುಡುಗಿಯನ್ನೇ ನೋಡುತ್ತಾ ಹೇಳುತ್ತಾರೆ: "ಈಗ ಮ್ಯಾಲ ನೋಡ್ಲತ್ತಾಳ ಅಲ್ರಿ, ಅದೊಂದು ಹೋಗ್ಬೇಕು. ಮ್ಯಾಲ ಪತ್ರಾ ಅದ ಅಂತ ನೆನಪೇ ಬರಬಾರದು. ಪಾಟಿ ಮ್ಯಾಲ ಕಣ್ಣಿರಬೇಕು."