ಒಂದು ಮಾತ್ರೆಯ ಹಿಂದೆ ಇನ್ನೊಂದು

ನನ್ನ ಮದುವೆ ನನ್ನ ಅಮ್ಮನಿಗೆ ನೆನಪಿಲ್ಲ.

ಅವಳು ಅಲ್ಲೇ ಇದ್ದಳು. ಮಂಟಪದ ಪಕ್ಕದ ಕುರ್ಚಿಯಲ್ಲಿ, ಯಾರೋ ಉಡಿಸಿದ ಹಸಿರು ರೇಷ್ಮೆ ಸೀರೆಯಲ್ಲಿ, ಮೊಣಕಾಲ ಮೇಲೆ ನಡುಗುವ ಕೈಗಳನ್ನಿಟ್ಟುಕೊಂಡು ಕೂತಿದ್ದಳು. ಬಂದವರು ಮಾತಾಡಿಸಿದರೆ ಅವರನ್ನು ದಾಟಿ ಎಲ್ಲೋ ನೋಡುತ್ತಿದ್ದಳು. ಅವಳನ್ನು ಹಾಗೆ ಮಾಡಿದ್ದು ಕಾಯಿಲೆಯಾಗಿದ್ದರೆ ನಾನು ಅತ್ತು ಸುಮ್ಮನಾಗುತ್ತಿದ್ದೆ. ಮಾಡಿದ್ದು ಔಷಧಿ. ಓದಿದವರು, ತಿಳಿದವರು, ಮರ್ಯಾದಸ್ತರು ಒಬ್ಬರ ಹಿಂದೊಬ್ಬರು ಬರೆದುಕೊಟ್ಟ ಔಷಧಿ. ಅದಕ್ಕೇ ಇಷ್ಟು ವರ್ಷಗಳಾದರೂ ನನ್ನ ಸಿಟ್ಟು ಇಳಿದಿಲ್ಲ.

ನಮ್ಮದು ಭದ್ರಾವತಿಯ ನ್ಯೂ ಟೌನ್. ಅಪ್ಪಾಜಿ ಕಾರ್ಖಾನೆಯಲ್ಲಿ ಫಿಟ್ಟರ್. ಅಮ್ಮ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಕಲಿಸುತ್ತಿದ್ದಳು. ಸುತ್ತಲ ಕ್ವಾರ್ಟರ್ಸ್‌ನ ಹುಡುಗಿಯರೆಲ್ಲ, ಕನ್ನಡದವರು, ತಮಿಳರು, ತೆಲುಗರು, ಅವಳ ಹತ್ತಿರವೇ ರವಿಕೆ ಕತ್ತರಿಸುವುದನ್ನು ಕಲಿತರು. ಎದುರು ನಿಂತವಳನ್ನು ಒಮ್ಮೆ ಕಣ್ಣಲ್ಲಿ ಅಳೆದು, ಮಾತಾಡುತ್ತಲೇ ಬಟ್ಟೆಗೆ ಕತ್ತರಿ ಹಾಕುವವಳು ಅವಳು. ವಕ್ರವಾಗಿ ಹೊಲಿದವಳನ್ನು ಅವಳವಳ ಭಾಷೆಯಲ್ಲೇ ಬೈಯುತ್ತಿದ್ದಳು. ಆ ಕೋಣೆಯಿಂದ ನಗು ಕೇಳದ ಸಂಜೆಯೇ ಇರಲಿಲ್ಲ.

ಆಗ ನಮಗೊಬ್ಬ ಡಾಕ್ಟರಿದ್ದರು. ಮಾರ್ಕೆಟ್ಟಿನ ಹತ್ತಿರ ಸಣ್ಣ ಕ್ಲಿನಿಕ್, ಹೊರಗೆ ಒಂದು ಮರದ ಬೆಂಚು. ಅಪ್ಪಾಜಿಯ ಹೊಟ್ಟೆನೋವು ನೈಟ್ ಶಿಫ್ಟಿನ ವಾರದಲ್ಲೇ ಏಳುತ್ತದೆ ಎಂಬುದು ಅವರಿಗೆ ಗೊತ್ತಿತ್ತು. ನನ್ನ ನಂತರ ಅಮ್ಮನ ಹೊಟ್ಟೆಯಲ್ಲಿ ಮಗು ನಿಲ್ಲದೇ ಹೋದದ್ದೂ, ಆಮೇಲೆ ಅವಳು ಎಷ್ಟು ಕಾಲ ಮಂಕಾಗಿದ್ದಳೆಂಬುದೂ ಗೊತ್ತಿತ್ತು. ಒಮ್ಮೆ ನನ್ನ ನಾಡಿ ಹಿಡಿದು, "ಇವಳಿಗೆ ಬಂದಿರೋದು ಜ್ವರ ಅಲ್ಲ ಕಣಮ್ಮ, ಗಣಿತದ ಪರೀಕ್ಷೆ" ಎಂದು ಮನೆಗೆ ಕಳಿಸಿದ್ದರು. ತೊಂಬತ್ತರ ದಶಕದ ನಡುವೆ ಅವರ ಕಣ್ಣು ಮಂಜಾಗಿ ಕ್ಲಿನಿಕ್ ಮುಚ್ಚಿದರು. ಅವರ ಜಾಗಕ್ಕೆ ಯಾರೂ ಬರಲಿಲ್ಲ. ಯಾರಿಗೂ ಅದೊಂದು ನಷ್ಟ ಅನ್ನಿಸಲೂ ಇಲ್ಲ. "ಬರೀ ಎಂಬಿಬಿಎಸ್ ತಾನೇ" ಎಂದರು ಜನ. ಶಿವಮೊಗ್ಗದಲ್ಲಿ ಎದೆಗೊಬ್ಬರು, ಮೂತ್ರಪಿಂಡಕ್ಕೊಬ್ಬರು, ನರಕ್ಕೊಬ್ಬರು ಬೋರ್ಡು ಹಾಕಿಕೊಂಡು ಕೂರುತ್ತಿದ್ದ ಕಾಲ ಅದು.

ಹಾಗಾಗಿ ಅಮ್ಮನಿಗೆ ತಲೆ ಸುತ್ತು ಬಂದಾಗ ಕುಂಸಿಯ ಸೋದರಮಾವ, "ಇಲ್ಲೆಲ್ಲ ತೋರಿಸ್ಬೇಡಿ ಭಾವ, ಶಿವಮೊಗ್ಗಕ್ಕೆ ಕರ್ಕೊಂಡು ಬನ್ನಿ, ದೊಡ್ಡ ಡಾಕ್ಟ್ರಿಗೇ ತೋರಿಸೋಣ" ಎಂದ. ಹೋದೆವು. ಹೃದಯದ ಡಾಕ್ಟರು ರಕ್ತದ ಒತ್ತಡ ಹೆಚ್ಚಾಗಿದೆ ಎಂದು ಒಂದು ಮಾತ್ರೆ ಬರೆದರು. ತಲೆಸುತ್ತು ನಿಂತಿತು. ಆದರೆ ಕೆಲವೇ ವಾರಗಳಲ್ಲಿ ಅಮ್ಮನ ಪಾದಗಳು ಊದಿಕೊಂಡವು. ಹೊಲಿಗೆ ಯಂತ್ರದ ಪೆಡಲು ತುಳಿಯಲು ಚಪ್ಪಲಿ ಬಿಚ್ಚಿದರೆ ಪಟ್ಟಿಯ ಗುರುತು ಸಂಜೆಯವರೆಗೂ ಹಾಗೇ ಇರುತ್ತಿತ್ತು. ಮತ್ತೆ ಅದೇ ಡಾಕ್ಟರ ಹತ್ತಿರ ಹೋದೆವು. "ಕಾಲು ನನ್ನ ಡಿಪಾರ್ಟ್‌ಮೆಂಟ್ ಅಲ್ಲ. ಕಿಡ್ನಿಯವರಿಗೆ ತೋರಿಸಿ" ಎಂದರು. ಕಿಡ್ನಿಯವರು ಮೈಯಲ್ಲಿನ ನೀರು ಇಳಿಯಲು ಇನ್ನೊಂದು ಮಾತ್ರೆ ಕೊಟ್ಟರು.

ಊತ ಇಳಿಯಿತು. ಅದರ ಜೊತೆ ಅಮ್ಮನೂ ಇಳಿದಳು. ಕೂತಲ್ಲೇ ತೂಕಡಿಕೆ, ಸುಸ್ತು, ಮರೆವು. ಕತ್ತರಿಯನ್ನು ಕೈಯಲ್ಲಿ ಹಿಡಿದುಕೊಂಡೇ ಮನೆಯೆಲ್ಲ ಕತ್ತರಿ ಹುಡುಕಿದಳು. ಒಂದು ದಿನ ಎದುರು ಸಾಲಿನ ಹುಡುಗಿಯ ಮದುವೆಯ ರವಿಕೆ ಬಟ್ಟೆಯನ್ನು ಬೆನ್ನಿಗೆ ಅಡ್ಡವಾಗಿ ಕತ್ತರಿಸಿಬಿಟ್ಟಳು. ಸೀರೆಯಿಂದಲೇ ತೆಗೆದ ತುಂಡು ಅದು, ಬದಲಿ ಎಲ್ಲಿಂದ ತರುವುದು? ಆ ಹುಡುಗಿಯ ತಾಯಿ ನಮ್ಮ ಜಗುಲಿಯಲ್ಲಿ ಕೂತು ಅತ್ತರು. ಅಮ್ಮ ಅಳಲಿಲ್ಲ. ಏನೂ ಆಗಲಿಲ್ಲವೆಂಬಂತೆ ಎರಡು ತುಂಡುಗಳನ್ನೂ ಮಡಿಸಿಟ್ಟಳು. ಆ ದಿನ ನನಗೆ ನಿಜವಾಗಿ ಭಯವಾಯಿತು.

ಮಾವ ಈ ಸಲ ಮನಸ್ಸಿನ ಡಾಕ್ಟರನ್ನು ಹುಡುಕಿದ. ಅವರು ಅಮ್ಮನ ಜೊತೆ ಮಾತಾಡಿದ್ದಕ್ಕಿಂತ ಹೆಚ್ಚು ಹೊತ್ತು ಫೋನಿನಲ್ಲಿ ಮಾತಾಡಿದರು. ಮೂರನೆಯ ಮಾತ್ರೆ ಬಂತು. ಅದು ಶುರುವಾದ ಮೇಲೆ ಅಮ್ಮನ ಕೈ ನಡುಗತೊಡಗಿತು. ನಗು, ಸಿಟ್ಟು, ಬೇಸರ ಯಾವುದೂ ಮೂಡದೆ ಮುಖ ಮರಗಟ್ಟಿತು. ಪಾದ ಎತ್ತಿಡದೆ ನೆಲಕ್ಕೆ ಉಜ್ಜುತ್ತ ನಡೆದಳು. ಆಗ ನರದ ಡಾಕ್ಟರು.

"ಬೇರೆ ಮಾತ್ರೆ ಏನಾದ್ರೂ ತಗೋತಿದಾರಾ?" ಎಂದು ಅವರು ಕೇಳಿದ್ದು ನಿಜ.

"ಬಿ.ಪಿ.ಗೆ, ಕಿಡ್ನಿಗೆ, ಮನಸ್ಸಿಗೆ" ಎಂದೆ.

"ಸರಿ, ಅವೆಲ್ಲ ಕಂಟಿನ್ಯೂ ಮಾಡಿ" ಎಂದು ತಲೆಯೆತ್ತದೆ ಬರೆದರು. "ಇದು ನಡುಕದ ಕಾಯಿಲೆ. ವಾಸಿ ಆಗಲ್ಲ, ಕಂಟ್ರೋಲ್ ಮಾಡ್ಬಹುದು ಅಷ್ಟೆ."

ಅಪ್ಪಾಜಿ ಅಲ್ಲೇ ಗೋಡೆಗೆ ಒರಗಿದರು. ಅವರು ಹಾಗೆ ಒರಗಿದ್ದನ್ನು ನಾನು ಅದೇ ಮೊದಲು ನೋಡಿದ್ದು.

ನರದ ಡಾಕ್ಟರು ಕೊಟ್ಟ ನಾಲ್ಕನೆಯ ಮಾತ್ರೆ ಶುರುವಾದ ಮೇಲೆ ಅಮ್ಮನಿಗೆ ಹಿತ್ತಿಲಲ್ಲಿ ಯಾರ್ಯಾರೋ ಕಾಣಿಸತೊಡಗಿದರು. ಅವರಿಗೆ ಕಾಫಿ ಕೊಡು ಎಂದು ನನ್ನನ್ನು ಕಳಿಸುತ್ತಿದ್ದಳು. ಮನಸ್ಸಿನ ಡಾಕ್ಟರು ತಮ್ಮ ಮಾತ್ರೆಯನ್ನು ಹೆಚ್ಚಿಸಿದರು.

ಊರಿಗೆ ಸುದ್ದಿ ಹಬ್ಬಲು ಎಷ್ಟು ಹೊತ್ತು? ನನ್ನನ್ನು ನೋಡಿ ಒಪ್ಪಿದ್ದ ಒಂದು ಸಂಬಂಧ ಮುರಿಯಿತು. "ಹುಡುಗಿ ತಾಯಿಗೆ ತಲೆ ಸರಿ ಇಲ್ವಂತೆ, ನಾಳೆ ಇವಳಿಗೂ ಬಂದ್ರೆ?" ಎಂದರಂತೆ. ಆಮೇಲೆ ಶಿವಮೊಗ್ಗದ ಒಬ್ಬ ಮೇಷ್ಟ್ರು ಒಪ್ಪಿದರು. ಎರಡು ಸಾವಿರದ ಇಸವಿಯ ಆಸುಪಾಸಿನಲ್ಲಿ ನನ್ನ ಮದುವೆಯಾಯಿತು. ಧಾರೆಯ ಹೊತ್ತಿಗೆ ಸೋದರತ್ತೆ ಅಮ್ಮನನ್ನು ಕೈ ಹಿಡಿದು ಕರೆತಂದಾಗ ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ಆ ನಗುವಿನ ಮೇಲೂ ನನಗೆ ಸಿಟ್ಟಿದೆ.

ಮದುವೆಯಾದ ಮೇಲೆ ಅಮ್ಮನನ್ನು ನನ್ನ ಜೊತೆಗೇ ಇಟ್ಟುಕೊಂಡೆ. ಅಪ್ಪಾಜಿ ಶಿಫ್ಟಿಗೆ ಹೋದರೆ ಅಲ್ಲಿ ನೋಡುವವರಿರಲಿಲ್ಲ, ಮತ್ತು ನನ್ನ ಗಂಡ ಎರಡು ಮಾತಾಡದೆ ಒಪ್ಪಿದರು. ಸವಳಂಗ ರಸ್ತೆಯಿಂದ ಒಳಗೆ ಒಂದು ಬಾಡಿಗೆ ಮನೆ. ಅದೇ ಬೀದಿಯಲ್ಲಿ ಹೊಸದಾಗಿ ಒಬ್ಬ ಹೆಂಗಸು ಡಾಕ್ಟರು ಬಂದಿದ್ದರು. ಬೋರ್ಡಿನಲ್ಲಿ ಹೆಸರಿನ ಕೆಳಗೆ 'ಕುಟುಂಬ ವೈದ್ಯೆ' ಎಂದಿತ್ತು. ನೆಗಡಿಯೆಂದು ಹೋದ ನಾನು ಕೇಳಿದೆ, "ನೀವು ಯಾವುದರ ಸ್ಪೆಷಲಿಸ್ಟು ಮೇಡಂ?"

"ಯಾವ ಒಂದರದ್ದೂ ಅಲ್ಲ. ಮನೆಮಂದಿನೆಲ್ಲ ನೋಡ್ತೀನಿ, ಅದನ್ನೇ ಓದಿ ಬಂದಿದೀನಿ" ಎಂದರು. ನನ್ನ ಗಂಟಲು ನೋಡಿ, "ಮನೇಲಿ ಯಾರ್ಯಾರಿದೀರಿ?" ಎಂದು ಕೇಳಿದರು.

ನೆಗಡಿಗೂ ಮನೆಯವರಿಗೂ ಏನು ಸಂಬಂಧ ಎಂದುಕೊಂಡೇ ಅಮ್ಮನ ವಿಷಯ ಹೇಳಿದೆ. ಅವರು ಪೆನ್ನು ಕೆಳಗಿಟ್ಟರು. "ನಾಳೆ ಅಮ್ಮನ್ನ ಕರ್ಕೊಂಡು ಬನ್ನಿ. ಮನೇಲಿರೋ ಮಾತ್ರೆನೆಲ್ಲ ಒಂದು ಚೀಲಕ್ಕೆ ಹಾಕ್ಕೊಂಡು ಬನ್ನಿ."

ಮಾರನೆಯ ದಿನ ಚೀಲವನ್ನು ಅವರ ಮೇಜಿನ ಮೇಲೆ ಸುರಿದೆ. ಅವರು ಮಾತ್ರೆಗಳ ಹೆಸರಿಗಿಂತ ಮೊದಲು ಕೇಳಿದ್ದು ಅಮ್ಮನ ಬಗ್ಗೆ: ಹುಷಾರಿದ್ದಾಗ ಹೇಗಿದ್ದರು, ಏನು ಮಾಡುತ್ತಿದ್ದರು, ಬಾಯಿ ಜೋರೋ ಮೆತ್ತಗೋ. ಅಮ್ಮನ ಬಾಯಿಯ ಬಗ್ಗೆ ಹೇಳುವಾಗ ನನಗೆ ಅಳು ಬಂತು. ಆಮೇಲೆ, "ಇದರಲ್ಲಿ ಮೊದ್ಲು ಶುರುವಾಗಿದ್ದು ಯಾವುದು?" ಎಂದರು. ತೋರಿಸಿದೆ.

"ಕಾಲು ಊದಿದ್ದು ಇದಕ್ಕಿಂತ ಮುಂಚೆನೋ ಆಮೇಲೋ?"

"ಆಮೇಲೆ."

"ಮರೆವು?"

"ನೀರಿನ ಮಾತ್ರೆ ಆದ್ಮೇಲೆ."

"ಕೈ ನಡುಕ?"

ನಾನು ಮೂರನೆಯ ಮಾತ್ರೆಯ ಮೇಲೆ ಬೆರಳಿಟ್ಟೆ. ಉತ್ತರ ನನಗೇ ಕೇಳಿಸಿಬಿಟ್ಟಿತ್ತು. ಅವರು ಮೇಜಿನ ಮೇಲೆ ಮಾತ್ರೆಯ ಪಟ್ಟಿಗಳನ್ನು ಸಾಲಾಗಿ ಜೋಡಿಸಿದ್ದರು. ಮೊದಲನೆಯದು ಕಾಲು ಊದಿಸಿತ್ತು. ಎರಡನೆಯದು ಊತದ ಜೊತೆ ರಕ್ತದಲ್ಲಿನ ಉಪ್ಪಿನ ಅಂಶವನ್ನೂ ಇಳಿಸಿ ಬುದ್ಧಿ ಮಂಕು ಮಾಡಿರಬಹುದು. ಮೂರನೆಯದು ನಡುಕ ತಂದಿತ್ತು. ನಾಲ್ಕನೆಯದು ಇಲ್ಲದವರನ್ನು ಕಾಣಿಸಿತ್ತು. ಎರಡನೆಯದರಿಂದ ಒಂದೊಂದೂ, ಹಿಂದಿನದು ಮಾಡಿದ್ದನ್ನು ಹೊಸ ಕಾಯಿಲೆಯೆಂದು ತಿಳಿದು ಬರೆದ ಮಾತ್ರೆ.

"ಒಂದೇ ಸಲ ನಿಲ್ಲಿಸೋ ಹಾಗಿಲ್ಲ" ಎಂದರು. "ರಕ್ತ ನೋಡ್ಬೇಕು. ಬರೆದವರ ಹತ್ರ ನಾನು ಮಾತಾಡ್ತೀನಿ. ನಿಧಾನವಾಗಿ ಇಳಿಸೋಣ. ನಿಜವಾಗ್ಲೂ ಕಾಯಿಲೆ ಇರ್ಬಹುದು, ಈಗ್ಲೇ ಆಸೆ ಹುಟ್ಟಿಸಲ್ಲ."

ರಕ್ತದಲ್ಲಿ ಉಪ್ಪು ಕಡಿಮೆಯಿತ್ತು. ಅವರು ಒಂದೊಂದೇ ಮಾತ್ರೆ ಕಡಿಮೆ ಮಾಡುತ್ತ ಬಂದರು, ವಾರಕ್ಕೊಮ್ಮೆ ಮನೆಗೇ ಬಂದು ಅಮ್ಮನ ರಕ್ತದ ಒತ್ತಡ ನೋಡಿದರು, ಅದಕ್ಕೆ ಬೇರೆ ಮಾತ್ರೆ ಹಾಕಿದರು. ಕೆಲವು ತಿಂಗಳು ಹೋದವು. ಒಂದು ಬೆಳಿಗ್ಗೆ ನಾನು ಅಮ್ಮನಿಗೆ ತಟ್ಟೆ ಕೊಡಲು ಬಗ್ಗಿದೆ. ಅವಳು ನನ್ನ ತೋಳು ಹಿಡಿದು ನಿಲ್ಲಿಸಿದಳು.

"ಈ ರವಿಕೆ ಯಾರೇ ಹೊಲ್ದಿದ್ದು? ಕಂಕುಳಲ್ಲಿ ಹೇಗೆ ಎಳೀತಿದೆ ನೋಡು. ಕೈ ಮುರಿಯ ಅವಳ್ದು!"

ನಾನು ತಟ್ಟೆ ಇಟ್ಟು ಅಲ್ಲೇ ನೆಲದ ಮೇಲೆ ಕೂತೆ. ಅಮ್ಮ ವಾಪಸು ಬಂದಿದ್ದಳು.

ನೆನಪೆಲ್ಲ ಬರಲಿಲ್ಲ. "ನಿನಗೆ ಮದುವೆ ಆಗಿದೆ ಅಂತ ಗೊತ್ತು. ಆದದ್ದು ಗೊತ್ತಿಲ್ಲ" ಎಂದಳು. ಮದುವೆಯ ಕ್ಯಾಸೆಟ್ ಹಾಕಿ ತೋರಿಸಿದೆ. ಪರದೆಯ ಮೇಲಿನ ತನ್ನನ್ನು ಅವಳು ತುಂಬ ಹೊತ್ತು ನೋಡಿದಳು. "ಯಾರೂ ಇವಳ ತಲೆ ಸರಿ ಮಾಡಿ ಬಾಚ್ಲಿಲ್ವಾ?" ಎಂದು ಕೇಳಿದಳು. ಆಮೇಲೆ, "ಆಫ್ ಮಾಡೇ ಮಾರಾಯ್ತಿ" ಎಂದು ಒಳಗೆ ಹೋದಳು.

ಮರುದಿನವೇ ನಾನು ಹೃದಯದ ಡಾಕ್ಟರ ಹತ್ತಿರ ಹೋದೆ. ಸರದಿಯಲ್ಲಿ ಕಾದು, ಒಳಗೆ ಹೋಗಿ, ನಡೆದದ್ದನ್ನೆಲ್ಲ ಹೇಳಿದೆ.

"ನಾನು ಕೊಟ್ಟಿದ್ದು ಸರಿಯಾದ ಮಾತ್ರೆನೇ ಅಮ್ಮ" ಎಂದರು. "ಕೆಲವರಿಗೆ ಕಾಲು ಊದುತ್ತೆ. ಹಾಗಾದ್ರೆ ನನ್ನ ಹತ್ರ ಬರ್ಬೇಕಿತ್ತು."

"ಬಂದಿದ್ವಿ ಸಾರ್. ಕಾಲು ನನ್ನ ಡಿಪಾರ್ಟ್‌ಮೆಂಟ್ ಅಲ್ಲ ಅಂದ್ರಿ."

ಅವರ ಮುಖ ಬಿಗಿಯಿತು. "ದಿನಕ್ಕೆ ಎಷ್ಟು ಜನರನ್ನ ನೋಡ್ತೀನಿ ಗೊತ್ತಾ ನಿಮಗೆ? ಈಗ ಹುಷಾರಾಗಿದಾರಲ್ಲ, ಮತ್ತೇನು?"

"ನಮ್ಮಮ್ಮ ನನ್ನ ಮದುವೆ ನೋಡ್ಲಿಲ್ಲ ಸಾರ್. ಅದು ಯಾರ ಡಿಪಾರ್ಟ್‌ಮೆಂಟು?"

ಅವರು ಬೆಲ್ ಒತ್ತಿದರು. ಮುಂದಿನ ಪೇಷೆಂಟು ಒಳಗೆ ಬಂದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನವರೆಗೆ ನಾನು ಹೇಗೆ ನಡೆದೆನೋ ಗೊತ್ತಿಲ್ಲ. ಭದ್ರಾವತಿಗೆ ಹೋಗಿ ಅಪ್ಪಾಜಿಯ ಮುಂದೆ ಕೂಗಾಡಿದೆ. "ಬಿಡು ಮಗಳೇ, ಯಾರೂ ಬೇಕಂತ ಮಾಡಿದ್ದಲ್ವಲ್ಲ" ಎಂದರು ಅಪ್ಪಾಜಿ. ಅದೇ ನನ್ನನ್ನು ಇನ್ನೂ ಉರಿಸಿತು. ಒಬ್ಬೊಬ್ಬರನ್ನೇ ಕೇಳಿದರೆ ಒಬ್ಬೊಬ್ಬರದೂ ಸರಿ. ಒಬ್ಬರು ಎದೆ ನೋಡಿದರು, ಒಬ್ಬರು ಮೂತ್ರಪಿಂಡ, ಒಬ್ಬರು ಮನಸ್ಸು, ಒಬ್ಬರು ನರ. ಅಮ್ಮನನ್ನು ಯಾರೂ ನೋಡಲಿಲ್ಲ. ಯಾರದ್ದೂ ತಪ್ಪಿಲ್ಲದೆ ಒಬ್ಬ ಹೆಂಗಸಿನ ವರ್ಷಗಳು ಹೋಗುವುದಾದರೆ, ಆ ವ್ಯವಸ್ಥೆಯೇ ತಪ್ಪು ಎನ್ನಲು ಯಾರಿಗೂ ಬಾಯಿ ಬರುವುದಿಲ್ಲ.

ನಮ್ಮ ಬೀದಿಯ ಡಾಕ್ಟರು ಊರಲ್ಲಿ ಉಳಿಯಲಿಲ್ಲ. ಅವರ ಕ್ಲಿನಿಕ್ಕಿನ ಹೊರಗಿನ ಕುರ್ಚಿಗಳು ಯಾವಾಗಲೂ ಅರ್ಧ ಖಾಲಿ. "ಸ್ಕ್ಯಾನ್ ಬರೆಯಲ್ಲ, ಇಂಜೆಕ್ಷನ್ ಕೊಡಲ್ಲ, ಸುಮ್ನೆ ಮಾತಾಡ್ತಾರೆ" ಎನ್ನುತ್ತಿದ್ದರು ನೆರೆಯವರು. ನಾನು ಮನೆಮನೆಗೆ ಹೋಗಿ ಅಮ್ಮನ ಕಥೆ ಹೇಳಿದೆ. ಕೇಳಿ ಅಯ್ಯೋ ಎಂದವರೇ ಮರುವಾರ ಮಂಡಿನೋವಿಗೆ ಮೂಳೆ ಡಾಕ್ಟರ ಸರದಿಯಲ್ಲಿ ನಿಂತರು. ಕೊನೆಗೆ ಆ ಡಾಕ್ಟರು ಬೇರೆ ಊರಿನ ದೊಡ್ಡ ಆಸ್ಪತ್ರೆಯೊಂದರಲ್ಲಿ ಡ್ಯೂಟಿ ಡಾಕ್ಟರಾಗಿ ಸೇರಿ ಹೊರಟರು. ಅಮ್ಮ ಅವರಿಗೊಂದು ರವಿಕೆ ಹೊಲಿದುಕೊಟ್ಟಳು. ಅವರಿದ್ದ ಮನೆಗೆ ರಕ್ತಪರೀಕ್ಷೆಯ ಲ್ಯಾಬೊಂದು ಬಂತು. ಅಲ್ಲಿ ಬೆಳಿಗ್ಗೆಯೇ ಜನವೋ ಜನ.

ಅದಾದ ಸ್ವಲ್ಪ ಕಾಲಕ್ಕೆ ಊರಿನ ಸಭಾಂಗಣವೊಂದರಲ್ಲಿ ಆರೋಗ್ಯದ ಮೇಲೆ ಉಪನ್ಯಾಸವಿತ್ತು. ಗಂಡ ಪಾಸು ತಂದಿದ್ದರಿಂದ ಅಮ್ಮನೂ ನಾನೂ ಹೋದೆವು. ಹೊರಗಿನಿಂದ ಬಂದಿದ್ದ ಡಾಕ್ಟರೊಬ್ಬರು, ಜಗತ್ತಿನ ಆರೋಗ್ಯ ಸುಧಾರಿಸಬೇಕಾದರೆ ಪ್ರತಿ ಕುಟುಂಬಕ್ಕೂ ಅದನ್ನು ಬಲ್ಲ ಒಬ್ಬ ವೈದ್ಯರು ಬೇಕು, ಕಾಯಿಲೆ ಬಂದವರು ಮೊದಲು ಹೋಗಬೇಕಾದ್ದು ಅವರ ಬಾಗಿಲಿಗೆ, ಹಲವು ದೇಶಗಳು ಇದನ್ನು ಕಂಡುಕೊಂಡಿವೆ ಎಂದರು. ಚೆನ್ನಾಗಿ ಮಾತಾಡಿದರು, ಹೇಳಿದ್ದೆಲ್ಲ ನಿಜ. ಮುಂದಿನ ಸಾಲಿನಲ್ಲಿದ್ದ ನಮ್ಮೂರ ಡಾಕ್ಟರುಗಳು ಚಪ್ಪಾಳೆ ತಟ್ಟಿದರು. ಹೃದಯದವರು, ಮನಸ್ಸಿನವರು ಇಬ್ಬರೂ ಇದ್ದರು.

ನಾನು ಎದ್ದು ನಿಂತೆ. "ಅಂಥವರೊಬ್ರು ಈ ಊರಲ್ಲೇ ಇದ್ರು. ಅವರು ಬಾಗಿಲು ಹಾಕ್ಕೊಂಡು ಹೋಗುವಾಗ, ಈಗ ಚಪ್ಪಾಳೆ ತಟ್ಟಿದವರೆಲ್ಲ ಎಲ್ಲಿದ್ರಿ?"

"ಪ್ರಶ್ನೆಗಳಿಗೆ ಕೊನೆಯಲ್ಲಿ ಅವಕಾಶ ಇದೆ ಮೇಡಂ" ಎಂದ ನಿರೂಪಕ.

ಕೊನೆಯಲ್ಲಿ ವಂದನಾರ್ಪಣೆ ಆಯಿತು, ರಾಷ್ಟ್ರಗೀತೆ ಆಯಿತು. ಪ್ರಶ್ನೆಗಳಿಗೆ ಸಮಯವಿರಲಿಲ್ಲ. ಹೊರಗೆ ಬಂದಾಗ ಅಮ್ಮ ಆಟೋದವನ ಜೊತೆ ಆಗಲೇ ಜಗಳ ಶುರು ಮಾಡಿದ್ದಳು. ನಾನು ಅವಳನ್ನು ತಡೆಯಲಿಲ್ಲ.