ಒಂದು ಓಮ್ನಿಗಾಗಿ ತೀರ್ಥಹಳ್ಳಿಯವರೆಗೆ

ಮೊದಲೇ ಹೇಳಿಬಿಡುತ್ತೇನೆ, ಓಡಿದ್ದು ನಾನಲ್ಲ. ಸಾಗರದಿಂದ ಹೊಸನಗರ, ಅಲ್ಲಿಂದ ತೀರ್ಥಹಳ್ಳಿ, ಹೆಚ್ಚುಕಡಿಮೆ ಎಪ್ಪತ್ತು ಕಿಲೋಮೀಟರ್ ದಾರಿಯನ್ನು ಮೂರು ದಿನಗಳಲ್ಲಿ ಓಡಿ ಮುಗಿಸಿದವಳು ನನ್ನ ಹೆಂಡತಿ ಹಿಲ್ಡಾ. ನಾನು ನೀರಿನ ಕ್ಯಾನು, ಬಾಳೆಹಣ್ಣು, ನೋವಿನ ಮುಲಾಮು ಹೇರಿಕೊಂಡು ಹಳೆಯ ಸ್ಕೂಟರಿನಲ್ಲಿ ಅವಳ ಹಿಂದೆ ಹೋದೆ. ಆದರೂ ಹೆಚ್ಚು ದಣಿದವರು ಯಾರು ಎಂದು ಕೇಳಿದರೆ ನಾನೇ ಎನ್ನುತ್ತೇನೆ. ಓಡುವ ಹೆಂಗಸಿನ ವೇಗಕ್ಕೆ ಗೇರಿನ ಸ್ಕೂಟರ್ ಬಿಟ್ಟು ನೋಡಿ, ಗೊತ್ತಾಗುತ್ತದೆ. ಕ್ಲಚ್ ಬಿಟ್ಟರೆ ಮುಂದೆ ಹಾರುತ್ತದೆ, ಹಿಡಿದರೆ ನಿಲ್ಲುತ್ತದೆ. ಎಡಗೈ ಬೆರಳುಗಳು ಈಗಲೂ ಸರಿಯಾಗಿ ಮಡಚುವುದಿಲ್ಲ.

ಹಿಲ್ಡಾ ಸಾಗರದ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದು ನಿವೃತ್ತಳಾದವಳು. ಅರವತ್ತು ದಾಟಿದರೂ ದಿನಾ ಬೆಳಿಗ್ಗೆ ಓಡುತ್ತಾಳೆ. ನಾನು ಕಾರ್ಗಲ್ಲಿನ ವಿದ್ಯುತ್ ಕೇಂದ್ರದಲ್ಲಿ ದುಡಿದು, ಈಗ ದಿನಾ ಬೆಳಿಗ್ಗೆ ಮಲಗುತ್ತೇನೆ. ನಮ್ಮ ಮನೆಮಾತು ಕೊಂಕಣಿ. ದಾರಿಯುದ್ದಕ್ಕೂ ನಾವು ಆಡಿದ ಜಗಳವನ್ನು ಇಲ್ಲಿ ಕನ್ನಡದಲ್ಲಿ ಬರೆಯುವಾಗ ಖಾರ ಸ್ವಲ್ಪ ಕಡಿಮೆಯಾಗಿದೆ.

ಅವಳ ತವರು ಕೋಣಂದೂರು. ಅವಳ ಅಮ್ಮ ಹಾಸಿಗೆ ಹಿಡಿದಿದ್ದ ಕಾಲದಲ್ಲಿ ತೀರ್ಥಹಳ್ಳಿ ಹತ್ತಿರದ ಒಂದು ಸಣ್ಣ ಆಶ್ರಮದಿಂದ ಮೂವರು ಸಿಸ್ಟರುಗಳು ವಾರವಾರ ವ್ಯಾನಿನಲ್ಲಿ ಬಂದು ಮೈ ತೊಳೆಸಿ, ಬೆನ್ನಿನ ಹುಣ್ಣಿಗೆ ಮದ್ದು ಹಾಕಿ ಹೋಗುತ್ತಿದ್ದರು. ಒಂದು ಲೋಟ ಕಾಫಿಗಿಂತ ಹೆಚ್ಚು ಏನನ್ನೂ ಮುಟ್ಟುತ್ತಿರಲಿಲ್ಲ. ಕಳೆದ ಮಳೆಗಾಲದಲ್ಲಿ ಆ ವ್ಯಾನು ಕೆಟ್ಟು ಮೂಲೆ ಸೇರಿತು. ಅಂದಿನಿಂದ ಬಸ್ಸು ಹೋಗುವ ಕಡೆಗೆ ಮಾತ್ರ ಸಿಸ್ಟರುಗಳು ಹೋಗುತ್ತಾರೆ. ಮದ್ದಿನ ಪೆಟ್ಟಿಗೆ, ಗಾಳಿ ಹಾಸಿಗೆ ಹೊತ್ತುಕೊಂಡು ಒಳಗಿನ ಹಳ್ಳಿಗಳಿಗೆ ನಡೆಯುವುದು ಅವರ ವಯಸ್ಸಿಗೆ ಆಗದ ಮಾತು.

ಕ್ರಿಸ್ಮಸ್ಸಿನಲ್ಲಿ ಮನೆಯಲ್ಲಿ ಮಾಡಿದ ಕುಸ್ವಾರದ ತಿಂಡಿಗಳ ತಟ್ಟೆ ಹಿಡಿದು ಪಕ್ಕದ ಮನೆಯ ಶ್ರೀಪಾದಣ್ಣನಲ್ಲಿಗೆ ಹೋಗಿದ್ದೆವು. ಅವರು ಅಡಿಕೆ ಮಂಡಿಯ ಸಾಹುಕಾರರು. ಸಿಸ್ಟರುಗಳ ಕೆಟ್ಟ ವ್ಯಾನಿನ ಮಾತು ಬಂದಾಗ ನೇವ್ರಿ ಕಡಿಯುತ್ತ ಹಿಲ್ಡಾಳನ್ನು ಕೆಣಕಿದರು. "ಎಂತ ಟೀಚರೇ, ದಿನಾ ಸುಮ್ನೆ ಕೆರೆ ಸುತ್ತ ಓಡ್ತೀರಿ. ತೀರ್ಥಹಳ್ಳಿವರೆಗೆ ಓಡಿ ನೋಡುವ! ನನ್ನ ಓಮ್ನಿನೇ ನಿಮ್ಮ ಸಿಸ್ಟರಿಗೆ ಬಿಟ್ಟುಕೊಡ್ತೇನೆ." ನಾನು ನಕ್ಕೆ. ಶ್ರೀಪಾದಣ್ಣನೂ ನಕ್ಕರು. ಹಿಲ್ಡಾ ನಗಲಿಲ್ಲ.

ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಎರಡನೇ ವಾರ, ಬೆಳಗಿನ ಪೂಜೆ ಮುಗಿಸಿ ಇಗರ್ಜಿಯ ಮೆಟ್ಟಿಲಿನಿಂದಲೇ ಹೊರಟೆವು. ಫಾದರ್ ಅವಳ ಬೂಟಿನ ಮೇಲೆ ತೀರ್ಥ ಚಿಮುಕಿಸಿ, "ಟೀಚರ್, ಬಸ್ಸಿನಲ್ಲಿ ಕೂತು ಪ್ರಾರ್ಥನೆ ಮಾಡಿದ್ರೂ ದೇವರಿಗೆ ಕೇಳ್ತದೆ" ಎಂದರು.

"ದೇವರಿಗೆ ಕೇಳ್ತದೆ ಫಾದರ್. ಶ್ರೀಪಾದಣ್ಣನಿಗೆ ಕೇಳುವುದಿಲ್ಲ" ಎಂದು ಹಿಲ್ಡಾ ಶಿಲುಬೆಯ ಗುರುತು ಮಾಡಿಕೊಂಡು ಓಡತೊಡಗಿದಳು.

ಹೆಗ್ಗೋಡು ಮುಟ್ಟುವ ಹೊತ್ತಿಗೇ ಬಿಸಿಲು ಏರಿತ್ತು. ನಮ್ಮ ಕಡೆ ರಸ್ತೆಯಲ್ಲಿ ನಡೆಯುವವರನ್ನು ಕಂಡರೇ ಗಾಡಿ ನಿಲ್ಲಿಸುತ್ತಾರೆ, ಇನ್ನು ಓಡುವವರನ್ನು ಬಿಟ್ಟಾರೆಯೇ? ಜೀಪು, ಆಟೊ, ಹಾಲಿನ ಗಾಡಿ ಎಲ್ಲವೂ ನಿಂತವು. "ಯಾರಿಗೆ ಹುಷಾರಿಲ್ಲ? ಹತ್ತಿ, ಹತ್ತಿ!" ಬೇಡ ಎಂದರೆ ಬೇಸರ ಬೇರೆ. ಒಂದು ಚಹಾದ ಅಂಗಡಿಯ ಮುಂದೆ ವಯಸ್ಸಾದವರೊಬ್ಬರು ನನ್ನ ಸ್ಕೂಟರಿಗೇ ಅಡ್ಡ ನಿಂತರು.

"ಎಂತದು ನಿಮ್ಮ ಕತೆ? ಹೆಂಗಸು ಮುಂದೆ ಓಡ್ತಾ ಉಂಟು, ನೀವು ಅಟ್ಟಿಸ್ಕೊಂಡು ಹೋಗ್ತಿದ್ದೀರಿ?"

"ಅಟ್ಟಿಸ್ತಾ ಇಲ್ಲ ಮಾರಾಯ್ರೆ, ನನ್ನ ಹೆಂಡತಿ ಅವಳು."

"ಹೆಂಡ್ತಿ ಅಂತ ಗೊತ್ತಾಯ್ತು. ತವರಿಗೆ ಹೊರಟದ್ದಾ? ಈ ಪ್ರಾಯದಲ್ಲಿ ಜಗಳ ಮಾಡಿ ಓಡಿಸೂದು ಚಂದ ಅಲ್ಲ ನೋಡಿ."

ದಾರಿಯೇನೋ ತವರಿನದೇ ಆಗಿತ್ತು. ಅಷ್ಟರಲ್ಲಿ ಹಿಲ್ಡಾ ತಿರುಗಿ ಬಂದು, ಸೊಂಟಕ್ಕೆ ಕೈಕೊಟ್ಟು ಏದುಸಿರಿನಲ್ಲೇ ಎಲ್ಲರಿಗೂ ಕೇಳುವಂತೆ ಹೇಳಿದಳು. "ಸಾಗರದ ಮಂಡಿ ಶ್ರೀಪಾದಣ್ಣ ಗೊತ್ತಲ್ಲ? ನಾನು ತೀರ್ಥಹಳ್ಳಿವರೆಗೆ ಓಡಿದ್ರೆ ಹಾಸಿಗೆ ಹಿಡಿದವರನ್ನು ನೋಡುವ ಸಿಸ್ಟರಿಗೆ ತಮ್ಮ ಓಮ್ನಿ ಕೊಡ್ತೇನೆ ಅಂದಿದ್ದಾರೆ. ಎಂಥಾ ದೊಡ್ಡ ಮನಸ್ಸು ನೋಡಿ!"

"ಹೌದಾ? ಶ್ರೀಪಾದಣ್ಣನಾ?" ಎಂದು ಅಲ್ಲಿದ್ದವರೆಲ್ಲ ಹುಬ್ಬೇರಿಸಿದರು. ಆ ಸೀಮೆಯ ಅರ್ಧ ಅಡಿಕೆ ಅವರ ಮಂಡಿಗೇ ಹೋಗುತ್ತದೆ. ಇದೇ ಮಾತನ್ನು ಅವಳು ಬಟ್ಟೆಮಲ್ಲಪ್ಪದಲ್ಲಿ ಊಟದ ಹೋಟೆಲಿನಲ್ಲೂ ಹೇಳಿದಳು, ಬಸ್ ಕಾಯುತ್ತಿದ್ದವರಿಗೂ ಹೇಳಿದಳು. ಅನ್ನ, ಸಾರು, ಮಾವಿನಮಿಡಿ ಉಪ್ಪಿನಕಾಯಿ ಉಂಡ ಮೇಲೆ ನನಗೆ ಅಲ್ಲೇ ಬೆಂಚಿನ ಮೇಲೆ ಒರಗಬೇಕೆನಿಸಿತು. ಅವಳು ಬಿಡಲಿಲ್ಲ. ಮರದ ನೆರಳಲ್ಲಿ ಕೂರೋಣವೆಂದರೆ ಮಂಗನ ಕಾಯಿಲೆಯ ಕಾಲ, ಉದುರಿದೆಲೆಯ ದರಲೆಯಲ್ಲಿ ಅದನ್ನು ಹರಡುವ ಉಣುಗು ಇರುತ್ತದೆ. ಕಾಲಿಗೆ ಎಣ್ಣೆ ಹಚ್ಚಿಕೊಂಡು ಟಾರು ರಸ್ತೆಯ ಮೇಲೇ ನಿಂತು ಸುಧಾರಿಸಿಕೊಂಡೆವು. ಹೊಸನಗರ ಸೇರಿದಾಗ ಸಂಜೆಯಾಗಿತ್ತು. ಕೊನೆಯ ಏರಿನಲ್ಲಿ ಅವಳು ಓಡುತ್ತಿದ್ದಾಳೋ ನಡೆಯುತ್ತಿದ್ದಾಳೋ ಹೇಳುವುದು ಕಷ್ಟವಿತ್ತು.

ಲಾಡ್ಜಿನಲ್ಲಿ ಅವಳು ಬಿಸಿನೀರಿನ ಬಕೆಟ್ಟಿನಲ್ಲಿ ಕಾಲಿಟ್ಟು ಜಪಸರ ಹಿಡಿದು ಕುಳಿತಾಗ ನಾನು ಹೊರಗೆ ಬಂದು ಶ್ರೀಪಾದಣ್ಣನಿಗೆ ಫೋನ್ ಮಾಡಿದೆ. ಹೊಸನಗರ ಮುಟ್ಟಿದೆವು ಎಂದು ಹೇಳೋಣವೆಂದು, ಅಷ್ಟೆ.

"ಅಯ್ಯೋ ಲಾರೆನ್ಸಣ್ಣ, ನಿಜವಾಗ್ಲೂ ಓಡ್ತಾ ಇದ್ದಾರಾ? ತಮಾಷೆಗೆ ಹೇಳಿದ್ದು ಮಾರಾಯ್ರೆ! ಮಂಡಿಗೆ ಚೀಲ ಹೊರ್ಲಿಕ್ಕೆ ನಂಗೇ ಗಾಡಿ ಬೇಕು. ನೀವಾದ್ರೂ ಅವ್ರಿಗೆ ಹೇಳಿ, ಕರ್ಕೊಂಡು ಬನ್ನಿ."

ಫೋನ್ ಇಟ್ಟೆ. ಒಳಗೆ ಹೋದರೆ ಹಿಲ್ಡಾ ಕುಳಿತಲ್ಲೇ ನಿದ್ದೆ ಹೋಗಿದ್ದಳು, ಕಾಲಿನ್ನೂ ಬಕೆಟ್ಟಿನಲ್ಲೇ ಇತ್ತು. ಹೆಬ್ಬೆರಳಿನ ಉಗುರು ನೀಲಿಗಟ್ಟಿತ್ತು. ಹೇಗೆ ಹೇಳುವುದು? ಟವೆಲಿನಲ್ಲಿ ಕಾಲು ಒರೆಸಿ ಮಲಗಿಸಿದೆ. ಶ್ರೀಪಾದಣ್ಣನ ಮೇಲೆ ಸಿಟ್ಟು ಬಂತು. ನಿಜ ಹೇಳುವುದಾದರೆ ದೇವರ ಮೇಲೂ ಬಂತು. ಇಷ್ಟು ನಂಬುವವಳನ್ನು ಹೀಗೆ ಸತಾಯಿಸುವುದೇ?

ಎರಡನೇ ದಿನ ಹೊಸನಗರ ಬಿಟ್ಟು ಒಂದೆರಡು ಗಂಟೆಯಾದ ಮೇಲೆ ಅವಳು ಎಡಕ್ಕೆ ಒಂದು ಮಣ್ಣು ರಸ್ತೆಗೆ ತಿರುಗಿದಳು. "ಇಲ್ಲೊಂದು ಮನೆ ನೋಡಬೇಕು, ಸಿಸ್ಟರ್ ಹೇಳಿದ್ದಾರೆ." ಜೀಪಿನ ಚಕ್ರದ ಗುಂಡಿಗಳಲ್ಲಿ ಸ್ಕೂಟರ್ ತಳ್ಳಿಕೊಂಡು ಹೋದೆ. ಕೊನೆಯಲ್ಲಿ ಹಂಚಿನ ಸಣ್ಣ ಮನೆ. ಶೇಖರ ಎನ್ನುವ ನಲವತ್ತರೊಳಗಿನ ಗಂಡಸು ಮಂಚದ ಮೇಲೆ ಮಲಗಿದ್ದ. ಅಡಿಕೆ ಕೊನೆ ತೆಗೆಯುವವನು. ಕಳೆದ ವರ್ಷ ಮರದಿಂದ ಬಿದ್ದ ಮೇಲೆ ಸೊಂಟದ ಕೆಳಗೆ ಸ್ವಾಧೀನವಿಲ್ಲ.

ಅವನ ಹೆಂಡತಿ ಸುಜಾತ ನಮ್ಮನ್ನು ನೋಡಿದವಳೇ ಹಿಂದೆ ಇಣುಕಿದಳು. "ಸಿಸ್ಟರ್ ಬಂದ್ರಾ?"

ಇಲ್ಲ ಎಂದೆವು. ಅವಳ ಮುಖ ಚಿಕ್ಕದಾಯಿತು. "ಬೆನ್ನಿನ ಹುಣ್ಣನ್ನ ಉಪ್ಪುನೀರಲ್ಲಿ ತೊಳೀತಾ ಇದೀನಿ ಅಮ್ಮ. ಆದ್ರೆ ವಾಸನೆ ಬರ್ತಾ ಉಂಟು. ಆಸ್ಪತ್ರೆಗೆ ಹೊತ್ಕೊಂಡು ಹೋಗಕ್ಕೆ ನಾಕು ಜನ ಬೇಕು. ದಿನಾ ಯಾರನ್ನ ಕರೀಲಿ?"

ಹಿಲ್ಡಾ ಕೈ ತೊಳೆದು ಬಂದಳು. ಹೆಂಗಸರಿಬ್ಬರೂ ಸೇರಿ ಅವನನ್ನು ಮಗ್ಗುಲಾಗಿಸಿದಾಗ ಹುಣ್ಣು ನೋಡಿದೆ. ಅದನ್ನು ಬರೆಯುವುದಿಲ್ಲ. ಶೇಖರ ಗೋಡೆಯ ಕಡೆ ಮುಖ ಮಾಡಿದ್ದವನು, "ಟೀಚರ್, ಓಡ್ತಾ ಬಂದ್ರಂತೆ? ಬಸ್ ಇಲ್ವಾ? ಕಾಲಿದ್ದೋರಿಗೆಲ್ಲ ಹುಚ್ಚು" ಎಂದು ನಕ್ಕ. ಅವಳೂ ನಕ್ಕಳು. ನನಗೆ ಆಗಲಿಲ್ಲ, ಅಂಗಳಕ್ಕೆ ಬಂದು ನಿಂತೆ.

ಟಾರು ರಸ್ತೆಗೆ ಮರಳಿದ ಮೇಲೆ ಒಂದು ಮೋರಿಯ ಕಟ್ಟೆಯ ಮೇಲೆ ಅವಳನ್ನು ಕೂರಿಸಿ ಹೇಳಿಯೇಬಿಟ್ಟೆ. ಓಮ್ನಿ ಇಲ್ಲ, ತಮಾಷೆಗೆ ಹೇಳಿದ್ದಂತೆ, ಸಾಕು ಮಾಡು, ಬಸ್ಸು ಹತ್ತೋಣ.

ಅವಳು ಬಾಳೆಹಣ್ಣು ಸುಲಿಯುತ್ತ, "ನನಗೆ ಗೊತ್ತು" ಎಂದಳು.

"ಏನು ಗೊತ್ತು?"

"ಹೊರಡುವ ಹಿಂದಿನ ದಿನ ನೀನು ರೇಷನ್ ತರಲು ಹೋದಾಗ ಶ್ರೀಪಾದಣ್ಣನೇ ಬಂದು, ತಮಾಷೆಗೆ ಹೇಳಿದ್ದು ಅಂದರು. ನೀವು ಕೊಡುವುದು ಬಿಡುವುದು ನಿಮ್ಮಿಷ್ಟ, ಓಡುತ್ತೇನೆ ಅಂದವಳು ನಾನು, ಓಡುತ್ತೇನೆ ಅಂದೆ."

"ಮತ್ತೆ ಕಂಡಕಂಡವರ ಮುಂದೆ ದೊಡ್ಡ ಮನಸ್ಸು, ದೊಡ್ಡ ಮನಸ್ಸು ಅಂತ..."

"ಸುಳ್ಳು ಹೇಳಿದೆನಾ? ಅವರು ಅಂದದ್ದು ಹೌದೋ ಅಲ್ಲವೋ?"

ನಾನು ಲೆಕ್ಕ ಹಾಕಿದೆ. ಹೆಗ್ಗೋಡು, ಬಟ್ಟೆಮಲ್ಲಪ್ಪ, ಹೊಸನಗರ! ಒಂದೊಂದು ಚಹಾದ ಅಂಗಡಿಯಿಂದಲೂ ಈ ಹೊತ್ತಿಗೆ ಶ್ರೀಪಾದಣ್ಣನಿಗೆ ಫೋನ್ ಹೋಗಿರಬೇಕು. "ಇದು ಪ್ರಾರ್ಥನೆಯೋ ಪಿತೂರಿಯೋ ಮಾರಾಯ್ತಿ? ಅವರು ಕೊಡದಿದ್ದರೆ?"

ಅವಳು ಹಣ್ಣು ಸುಲಿಯುವುದನ್ನು ನಿಲ್ಲಿಸಿದಳು. "ಕೊಡದಿದ್ದರೆ ಆ ಹುಡುಗನ ಬೆನ್ನು ಮೂಳೆವರೆಗೆ ಕೊಳೆಯುತ್ತದೆ. ಯೇಸುಸ್ವಾಮಿ ಕೇಳಿದರೆ ನಾನು ಏನು ಹೇಳಲಿ? ನನ್ನ ಹತ್ತಿರ ಗಾಡಿ ಇಲ್ಲ, ಡಾಕ್ಟರಿಕೆ ಬರುವುದಿಲ್ಲ. ಓಡಲು ಬರುತ್ತದೆ. ಇನ್ನೇನು ಬರುತ್ತದೆ ನನಗೆ, ಹೇಳು?" ಹಣ್ಣು ಕೈಯಲ್ಲೇ ಹಿಡಿದು ಅತ್ತಳು. ಮದುವೆಯಾಗಿ ಇಷ್ಟು ವರ್ಷಗಳಲ್ಲಿ ಅವಳು ಅತ್ತದ್ದು ಕಡಿಮೆ. ನಾನು ಅವಳ ಬೂಟಿನ ಲೇಸು ಬಿಗಿದು ಕಟ್ಟಿದೆ. ಆಮೇಲೆ ಸಿಕ್ಕಿದ ಮೊದಲ ಅಂಗಡಿಯಲ್ಲಿ ಶ್ರೀಪಾದಣ್ಣನ ದೊಡ್ಡ ಮನಸ್ಸಿನ ಬಗ್ಗೆ ಹೇಳಿದವನು ನಾನೇ.

ರಾತ್ರಿ ಕೋಣಂದೂರಿನಲ್ಲಿ ಅವಳ ತಮ್ಮನ ಮನೆಯಲ್ಲಿ ಉಳಿದೆವು. ಮೂರನೇ ದಿನ ಅಲ್ಲಿಂದ ಹೊರಟು ಮುಕ್ಕಾಲು ದಾರಿ ಆಗಿತ್ತು, ಒಂದು ಏರಿನಲ್ಲಿ ಸ್ಕೂಟರಿನ ಕ್ಲಚ್ ಸುಟ್ಟ ವಾಸನೆ ಬಂದು ಗಾಡಿ ಅಲ್ಲೇ ಕೂತುಬಿಟ್ಟಿತು. ಆಶ್ಚರ್ಯವೇನಿಲ್ಲ, ನನಗೇ ಕೂರಬೇಕೆನಿಸಿತ್ತು. ರಸ್ತೆ ಬದಿಯ ಗ್ಯಾರೇಜಿಗೆ ತಳ್ಳಿದೆವು. ಎರಡು ದಿನ ಬೇಕು ಎಂದ ಹುಡುಗ. ಕ್ಯಾನು ಕೈಯಲ್ಲಿ, ಚೀಲ ಬೆನ್ನಿಗೆ. ಉಳಿದ ದಾರಿಯನ್ನು ನಾನೂ ನಡೆದೆ. ಹಿಲ್ಡಾ ಕುಂಟುತ್ತಿದ್ದಳು, ಆದ್ದರಿಂದ ನನ್ನ ನಡಿಗೆಗೂ ಅವಳ ಓಟಕ್ಕೂ ಹೆಚ್ಚು ಅಂತರ ಉಳಿದಿರಲಿಲ್ಲ.

ಆಶ್ರಮ ಪೇಟೆಗೆ ಮೊದಲೇ ಸಿಗುತ್ತದೆ. ಗೇಟು ದಾಟಿದಾಗ ಅಂಗಳ ಖಾಲಿಯಿತ್ತು. ಮೂಲೆಯಲ್ಲಿ ಹಳೆಯ ವ್ಯಾನು ಹುಲ್ಲಿನಲ್ಲಿ ಹುಗಿದುಹೋಗಿತ್ತು, ಅದನ್ನು ಬಿಟ್ಟರೆ ಯಾವ ಗಾಡಿಯೂ ಇರಲಿಲ್ಲ. ಹಿಲ್ಡಾ ಮೆಟ್ಟಿಲ ಮೇಲೆ ಕುಳಿತು ಬೂಟು ಬಿಚ್ಚಿದಳು. ಕಾಲುಚೀಲ ರಕ್ತಕ್ಕೆ ಅಂಟಿಕೊಂಡಿತ್ತು. ಹಿರಿಯ ಸಿಸ್ಟರು ಬಿಸಿನೀರು ತಂದು ಅವಳ ಪಾದ ತೊಳೆಯುತ್ತ, "ನೀವು ಬಂದ್ರಲ್ಲ ಟೀಚರ್, ಅದೇ ಸಾಕು" ಎಂದರು. ಸಾಕಾಗುವುದಿಲ್ಲ ಎಂದು ಮೂವರಿಗೂ ಗೊತ್ತಿತ್ತು. ಊಟದ ಹೊತ್ತು ಮೀರಿತು. ಯಾರೂ ಬರಲಿಲ್ಲ. ನಾಲ್ಕು ಮಾತು ಬೈದೇಬಿಡೋಣವೆಂದು ನಾನು ಫೋನ್ ತೆಗೆದೆ. ಆಗ ಗೇಟಿನ ಹೊರಗೆ ಹಾರ್ನ್ ಕೇಳಿಸಿತು.

ಓಮ್ನಿಯ ಮೂತಿಗೆ ಎರಡು ಹೂವಿನ ಹಾರ. ಹಿಂದೆ ಬಾಳೆಗೊನೆ, ಅಕ್ಕಿಚೀಲ, ತೆಂಗಿನಕಾಯಿ. ಶ್ರೀಪಾದಣ್ಣ ಮುಖ ಊದಿಸಿಕೊಂಡು ಇಳಿದರು. "ಬೆಳಿಗ್ಗೆ ಆರಕ್ಕೆ ಹೊರಟದ್ದು ನಾನು! ಹೆಗ್ಗೋಡಲ್ಲಿ ನಿಲ್ಸಿ ಹಾರ ಹಾಕ್ತಾರೆ, ಬಟ್ಟೆಮಲ್ಲಪ್ಪದಲ್ಲಿ ಇಳಿಸಿ ಕಾಫಿ ಕೊಡ್ತಾರೆ, ಹೊಸನಗರದಲ್ಲಿ ಅಕ್ಕಿ ಹೇರ್ತಾರೆ. ಎರಡು ದಿನದಿಂದ ಫೋನ್ ಕೆಳಗಿಡ್ಲಿಕ್ಕೆ ಆಗ್ಲಿಲ್ಲ. ಹೊಗಳಿ ಹೊಗಳಿ ನನ್ನ ಕುತ್ತಿಗೆ ಕೊಯ್ದ್ರಲ್ಲ ಟೀಚರೇ!"

ಹಿಲ್ಡಾ ಬರಿಗಾಲಿನಲ್ಲಿ ಎದ್ದು ನಿಂತು ಕೈಮುಗಿದಳು. ಅವಳ ಕಾಲು ನೋಡಿ ಶ್ರೀಪಾದಣ್ಣನ ಸಿಟ್ಟು ಎಲ್ಲಿಗೆ ಹೋಯಿತೋ. "ಇರ್ಲಿ ಬಿಡಿ, ಇರ್ಲಿ" ಎಂದು ಬೀಗದ ಕೈಯನ್ನು ಸಿಸ್ಟರ ಕೈಗೆ ಹಾಕಿದರು. ಸಿಸ್ಟರು ಭಾಷಣ ಮಾಡಲಿಲ್ಲ, ಮದ್ದಿನ ಪೆಟ್ಟಿಗೆ ತರಲು ಒಳಗೆ ಓಡಿದರು.

ಹೀಗೆ ವಾಹನವಿಲ್ಲದ ಮೂವರು ಊರಿಗೆ ಬಸ್ಸು ಹತ್ತಿದೆವು. ಖಾಸಗಿ ಬಸ್ಸಾದ್ದರಿಂದ ಹಿಲ್ಡಾಳಿಗೂ ಟಿಕೆಟ್. ಅವಳು ಕಿಟಕಿಗೆ ತಲೆಯಿಟ್ಟು ನಿದ್ದೆ ಹೋದಳು. ಶ್ರೀಪಾದಣ್ಣ ಬಸ್ಸಿನಲ್ಲಿ ಕೂತು ಎಷ್ಟೋ ವರ್ಷವಾಗಿತ್ತಂತೆ, ಕಾಲು ಎಲ್ಲಿಡುವುದು ಎಂದು ತಿಳಿಯದೆ ಒದ್ದಾಡುತ್ತಿದ್ದರು. ಕೋಣಂದೂರು ದಾಟಿ ಬಹಳ ದೂರ ಬಂದ ಮೇಲೆ ಹಿಂದಿನಿಂದ ಹಾರ್ನ್ ಕೇಳಿ ತಟ್ಟನೆ ನೆಟ್ಟಗಾದರು. "ನನ್ನ ಗಾಡಿ!" ಓಮ್ನಿ ನಮ್ಮನ್ನು ಹಿಂದೆ ಹಾಕಿ, ಮುಂದೆ ಆ ಮಣ್ಣು ರಸ್ತೆಗೆ ತಿರುಗಿತು.

"ಅಲ್ಲಿ ಯಾರಿದ್ದಾರೆ?" ಎಂದು ಕೇಳಿದರು.

"ಶೇಖರ ಅಂತ. ಕೊನೆ ತೆಗೆಯುವಾಗ ಮರದಿಂದ ಬಿದ್ದವನು. ಮಲಗಿ ವರ್ಷವಾಯಿತು."

ಅವರು ಬಗ್ಗಿ ಕಿಟಕಿಯಾಚೆ ಆ ರಸ್ತೆಯ ಏರನ್ನು ನೋಡಿದರು. ಎಷ್ಟು ಜನ ಶೇಖರರು ತೆಗೆದ ಕೊನೆ ಅವರ ಮಂಡಿಗೆ ಬಂದಿದೆಯೋ. "ಎರಡನೇ ಗೇರು ರಾಶಿ ಗಟ್ಟಿ ಇದ್ದು" ಎಂದರು ತಮ್ಮ ಮನೆಮಾತಿನಲ್ಲಿ, ತಮಗೆ ತಾವೇ. "ಸಿಸ್ಟರಿಗೆ ಆ ಏರು ಹತ್ತಲೆ ಆಗ್ತಿಲ್ಲೆ. ಅವನನ್ನು ಎತ್ತಿ ಕೂರ್ಸಲೂ ಒಂದು ಆಳು ಬೇಕು." ಮರುಗಳಿಗೆಯೇ ಎದ್ದು ಕೂಗಿದರು, "ಕಂಡಕ್ಟರ್, ನಿಲ್ಸಿ!"

ಬಸ್ಸು ಮತ್ತೆ ಹೊರಟಾಗ ಹಿಂದಿನ ಗಾಜಿನಲ್ಲಿ ನೋಡಿದೆ. ಶ್ರೀಪಾದಣ್ಣ ಪಂಚೆ ಎತ್ತಿ ಕಟ್ಟಿ, ಹೊಟ್ಟೆ ಕುಲುಕಿಸುತ್ತ, ಮಣ್ಣು ರಸ್ತೆಯ ಧೂಳಿನಲ್ಲಿ ಓಮ್ನಿಯ ಹಿಂದೆ ಓಡುತ್ತಿದ್ದರು. ನಾನು ಹಿಲ್ಡಾಳನ್ನು ಅಲ್ಲಾಡಿಸಿ ಎಬ್ಬಿಸಿದೆ. "ಏಳು, ನೋಡು, ನೋಡು!"

ಅವಳು ಅರೆಗಣ್ಣು ತೆರೆದು ನೋಡಿದಳು. "ಪಾಪ, ಬಾಯಲ್ಲಿ ಉಸಿರು ಬಿಡ್ತಿದ್ದಾರೆ. ನಾಳೆಯಿಂದ ಬೆಳಿಗ್ಗೆ ನನ್ನ ಜೊತೆ ಬರಲು ಹೇಳು" ಎಂದು ನನ್ನ ಭುಜಕ್ಕೆ ಒರಗಿ ಮತ್ತೆ ನಿದ್ದೆ ಹೋದಳು.